ಎಡಗಂಬದ ಪಕ್ಕ ತಾತ ಕಂಡವನು

ನನ್ನ ತಾತ, ಅಂದರೆ ಅಮ್ಮನ ಅಪ್ಪ, ಜೀವಮಾನದಲ್ಲಿ ಒಂದು ಸಲವೂ ಫುಟ್‌ಬಾಲ್ ಆಡಿದವರಲ್ಲ, ಬರೀ ನೋಡಿದವರು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ದುಡಿದರು. ಆ ಕಾರ್ಖಾನೆಗೊಂದು ಫುಟ್‌ಬಾಲ್ ತಂಡವಿತ್ತು. ಆ ತಂಡ ಎಲ್ಲಿ ಆಡಿದರೂ ತಾತ ಗೆರೆಯ ಪಕ್ಕ ಇರುತ್ತಿದ್ದರು. ಅಮ್ಮ ಹುಟ್ಟಿದ ದಿನವೂ ಅವರು ಆಸ್ಪತ್ರೆಗೆ ಬಂದದ್ದು ಪಂದ್ಯ ಮುಗಿದ ಮೇಲೆಯೇ. ಅಜ್ಜಿ ಸಾಯುವವರೆಗೂ ಅದನ್ನು ಎತ್ತಿ ಆಡುತ್ತಿದ್ದರು: “ಮಗು ಮುಖ ನೋಡೋಕ್ ಮುಂಚೆ ನನಗೆ ಸ್ಕೋರ್ ಹೇಳಿದ್ರು ಕಣೇ ನಿಮ್ಮ ತಾತ!”

ಮುಂದೆ ಆ ತಂಡ ಮುಚ್ಚಿಹೋಯಿತು. ತಾತ ರಿಟೈರಾದರು. ಆದರೂ ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುವುದು ನಿಲ್ಲಲಿಲ್ಲ. ಯಾವ ಮೈದಾನದಲ್ಲಿ ಯಾರು ಆಡುತ್ತಿದ್ದರೂ ಸರಿ, ಹತ್ತು ನಿಮಿಷ ನೋಡಿ ಒಂದು ಕಡೆಯವರನ್ನು ಆರಿಸಿಕೊಳ್ಳುತ್ತಿದ್ದರು. ಆಮೇಲೆ ಅವರು “ನಮ್ಮೋರು.”

ಎರಡು ಸಾವಿರದ ಏಳರಲ್ಲಿ ನಾವು ಅಟ್ಲಾಂಟಾದ ಹತ್ತಿರ ಡುಲುತ್‌ನಲ್ಲಿದ್ದೆವು. ಸೆಪ್ಟೆಂಬರಿನಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಅಮ್ಮ ಬಂದಳು. ಮಾವ, ಅಂದರೆ ಅಮ್ಮನ ತಮ್ಮ, ಬೇರೆ ಊರಿನಲ್ಲಿದ್ದುದರಿಂದ ಎಂಬತ್ತು ದಾಟಿದ ತಾತನನ್ನು ಒಬ್ಬರನ್ನೇ ಬಿಟ್ಟು ಬರಲಾಗದೆ ಅವರನ್ನೂ ಕರೆತಂದಳು. ಆರು ತಿಂಗಳ ವೀಸಾ. ತಾತನಿಗೆ ಇಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ. ಬಾಲ್ಕನಿಯಲ್ಲಿ ಕೂತು ಕಾರುಗಳನ್ನು ನೋಡುತ್ತಿದ್ದರು.

ಬಂದ ಮೂರನೆಯ ಭಾನುವಾರ ಅವರು ಕಾಣೆಯಾದರು. ನನ್ನ ಗಂಡ ಕಾರಿನಲ್ಲಿ ಎರಡು ಸುತ್ತು ಹುಡುಕಿ, ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ಪೈನ್ ಮರಗಳ ಆಚೆ ಇದ್ದ ಪಾರ್ಕಿನಲ್ಲಿ ಅವರನ್ನು ಕಂಡ. ಅಲ್ಲೊಂದು ಸಾಕರ್ ಮೈದಾನವಿತ್ತು. ತಾತ ಗೆರೆಯ ಪಕ್ಕ, ಯಾರೋ ಕೊಟ್ಟ ಮಡಚುವ ಕುರ್ಚಿಯಲ್ಲಿ, ಸ್ವೆಟರು ಮಫ್ಲರು ಸಮೇತ ಕೂತಿದ್ದರು. ವಾರವಿಡೀ ಛಾವಣಿ ಹೊದಿಸುವ, ಹುಲ್ಲು ಕತ್ತರಿಸುವ ಕೆಲಸ ಮಾಡುವ, ಸ್ಪ್ಯಾನಿಷ್ ಮಾತಾಡುವ ಗಂಡಸರು ಭಾನುವಾರಗಳಂದು ಅಲ್ಲಿ ಆಡುತ್ತಿದ್ದರು. ಅವರಲ್ಲಿ ಹಳದಿ ಅಂಗಿಯವರು ಆಗಲೇ ನಮ್ಮವರಾಗಿಬಿಟ್ಟಿದ್ದರು.

“ಆ ಕೀಪರ್‌ನ ನೋಡ್ಬೇಕು ನೀನು. ಬಾಲ್ ಬರೋ ಮುಂಚೇನೇ ಅಲ್ಲಿರ್ತಾನೆ,” ಎಂದರು ತಾತ ನನಗೆ.

ಮಗುವಿಗೆ ಎರಡು ತಿಂಗಳಾದ ಮೇಲೆ, “ಹಸಿ ಬಾಣಂತಿ ಗಾಳೀಲಿ ಕೂರೋದಾ?” ಎಂಬ ಅಮ್ಮನ ಗೊಣಗಾಟದ ನಡುವೆಯೇ ನಾನೂ ಮಗುವಿನ ಸ್ಟ್ರೋಲರ್ ತಳ್ಳಿಕೊಂಡು ಅವರ ಜೊತೆ ಹೋಗತೊಡಗಿದೆ. ಗೋಲ್‌ಕೀಪರ್ ಉದ್ದನೆಯ, ಕೃಶವಾದ ಆಳು. ಆಟ ಶುರುವಾಗುವ ಮೊದಲು ಒಂದು ನೀಲಿ ಟವೆಲ್ಲನ್ನು ಮಡಿಸಿ ಎಡಗಂಬದ ಬುಡದಲ್ಲಿ ಇಡುತ್ತಿದ್ದ. ಆಮೇಲೆ ನಮ್ಮ ಕಡೆ ತಿರುಗಿ ತಾತನಿಗೆ ಕೈ ಎತ್ತುತ್ತಿದ್ದ. ತಾತ ಎದ್ದು ನಿಂತು ಬೆರಳು ಮಡಿಸುತ್ತ ಆಟಗಾರರನ್ನು ಎಣಿಸುತ್ತಿದ್ದರು. ಅದು ಅವರ ಹಳೇ ಅಭ್ಯಾಸ. ಹನ್ನೊಂದು ಜನ ಇದ್ದಾರೆಂದು ಖಾತ್ರಿಯಾದ ಮೇಲೆಯೇ ಕೂರುತ್ತಿದ್ದರು.

ನವೆಂಬರಿನ ಕೊನೆಯ ಭಾನುವಾರ ಆ ಕೀಪರ್ ಬರಲಿಲ್ಲ.

ಅಂದು ಮಧ್ಯಾಹ್ನ ಮೂರು ಗಂಟೆಗೇ ಮೋಡ ಕವಿದು ಮಬ್ಬಾಗಿತ್ತು. ಪೈನ್ ಮರಗಳ ಕಡೆಯಿಂದ ಮಂಜು ಮೈದಾನದ ಅರ್ಧದವರೆಗೆ ಇಳಿದಿತ್ತು. ಹಳದಿ ಅಂಗಿಯವರು ಎಂದಿನಂತೆ ನಗುತ್ತಿರಲಿಲ್ಲ. ಪಾರ್ಕಿಂಗ್ ಕಡೆ ತಿರುತಿರುಗಿ ನೋಡುತ್ತಿದ್ದರು. ಕೊನೆಗೆ ಡಿಫೆಂಡರ್ ಒಬ್ಬ, ಗಿಡ್ಡನೆಯವನು, ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತ. ನಾನು ಎಣಿಸಿದೆ. ಹತ್ತು ಜನ.

ತಾತ ಎದ್ದು ನಿಂತು ಬೆರಳು ಮಡಿಸಿದರು. “ಹನ್ನೊಂದು,” ಎಂದು ಕೂತರು.

“ಹತ್ತೇ ಜನ ತಾತ. ಕೀಪರ್ ಬಂದಿಲ್ಲ ಇವತ್ತು.”

“ಬಂದಿದಾನಲ್ಲಮ್ಮ. ಅಲ್ಲಿ ನೋಡು, ಎಡಗಡೆ ಕಂಬದ ಹತ್ರ.”

ನಾನು ನೋಡಿದೆ. ಕಂಬವಿತ್ತು. ಅದರ ಹಿಂದೆ ಬಲೆ, ಬಲೆಯ ಹಿಂದೆ ಮಂಜು.

ತಾತನಿಗೆ ಹೊಸ ಕನ್ನಡಕ ಮಾಡಿಸಬೇಕು ಅಂದುಕೊಂಡೆ. ಆದರೆ ಮನೆಗೆ ನಡೆದು ಬರುವಾಗ ತಾತ ತಾವಾಗಿಯೇ ಮಾತು ತೆಗೆದರು. ಅವರ ಮೂವತ್ತನೆಯ ವಯಸ್ಸಿನಲ್ಲಿ ನಡೆದದ್ದಂತೆ. ಕಾರ್ಖಾನೆಯ ತಂಡದ ಗೋಲ್‌ಕೀಪರ್ ತಾತನ ಪಕ್ಕದ ಮೆಷಿನ್ನಿನಲ್ಲೇ ಕೆಲಸ ಮಾಡುತ್ತಿದ್ದವನು. ಒಂದು ಭಾನುವಾರ ಅವನು ಸಮಯಕ್ಕೆ ಬರಲಿಲ್ಲ. ಬೇರೊಬ್ಬನನ್ನು ಗೋಲಿಗೆ ನಿಲ್ಲಿಸಿ ಹತ್ತೇ ಜನರಿಂದ ಆಟ ಶುರು ಮಾಡಿದರು. ಹಾಫ್ ಟೈಮಿನಲ್ಲಿ ಸುದ್ದಿ ಬಂತು: ಸೈಕಲ್ಲಿನಲ್ಲಿ ಮೈದಾನಕ್ಕೆ ಬರುತ್ತಿದ್ದವನಿಗೆ ಲಾರಿ ಹೊಡೆದಿದೆ. ಆಟ ಶುರುವಾಗುವ ಮೊದಲೇ ಜೀವ ಹೋಗಿತ್ತು.

“ನಾನು ಎಣಿಸಿದ್ದೆ ಪುಟ್ಟಿ,” ಎಂದರು ತಾತ. “ಹನ್ನೊಂದಿತ್ತು. ಅವನು ಗೋಲಿನೊಳಗೆ ಬರ್ಲಿಲ್ಲ, ಕಂಬದ ಪಕ್ಕ ಕೈ ಕಟ್ಕೊಂಡು ನಿಂತಿದ್ದ. ಯಾಕಪ್ಪ ಇವನು ಆಡ್ತಿಲ್ಲ, ಕಾಲು ನೋವೇನೋ ಅಂದ್ಕೊಂಡೆ. ಸುದ್ದಿ ಬಂದ್ಮೇಲೆ ತಿರುಗಿ ನೋಡಿದ್ರೆ ಇರ್ಲಿಲ್ಲ.”

“ಯಾರಿಗಾದ್ರೂ ಹೇಳಿದ್ರಾ?”

“ನಿಮ್ಮ ಅಜ್ಜಿಗೆ ಹೇಳ್ದೆ. ಒಂದು ವಾರ ನನ್ನ ಗ್ರೌಂಡಿಗೆ ಬಿಡ್ಲಿಲ್ಲ.”

ತಾತ ಸುಳ್ಳು ಹೇಳುವವರಲ್ಲ. ಕಥೆ ಕಟ್ಟುವ ಸ್ವಭಾವವೂ ಅವರದಲ್ಲ. ಅದೇ ನನ್ನನ್ನು ಹೆದರಿಸಿದ್ದು. ಹಾಗಾದರೆ ಈ ಉದ್ದನೆಯ ಆಳು ಏನಾದ? ಅಂದು ಸಂಜೆ ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, “ತಾತನಿಗೆ ಏಜ್ ಆಯ್ತು ಕಣೇ. ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಳ್ಳೋಣ,” ಎಂದ.

ಮುಂದಿನ ಭಾನುವಾರವೂ ಹತ್ತೇ ಜನ. ತಾತನ ಲೆಕ್ಕದಲ್ಲಿ ಹನ್ನೊಂದು. ಈ ಸಲ ನಾನು ಆಟ ನೋಡಲಿಲ್ಲ, ಆ ಗೋಲನ್ನೇ ನೋಡಿದೆ. ಗಿಡ್ಡನೆಯವನು ನಡುವೆ ನಿಲ್ಲುತ್ತಿರಲಿಲ್ಲ. ಬಲಕ್ಕೆ ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದ, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟವನ ಹಾಗೆ. ಎಡಗಡೆ ಅಷ್ಟು ಜಾಗ ಬಿಟ್ಟರೂ ಎದುರಾಳಿಗಳು ಆ ಕಡೆ ಒಂದೇ ಒಂದು ಸಲ ಹೊಡೆದರು. ಆ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಗಿಡ್ಡನೆಯವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ತೊಡೆಯ ಮೇಲಿದ್ದ ನನ್ನ ಮಗಳು ಅಳುತ್ತಿದ್ದವಳು ತಟಕ್ಕನೆ ಸುಮ್ಮನಾದಳು. ಅವಳ ಕಣ್ಣು ಆ ಕಂಬದ ಕಡೆ ನೆಟ್ಟಿತ್ತು. ಆ ವಯಸ್ಸಿನ ಮಕ್ಕಳಿಗೆ ಬಿಳಿ ಬಣ್ಣ, ಉದ್ದನೆಯ ಗೆರೆ ಕಂಡರೆ ಹಾಗೇ ಎಂದು ಪುಸ್ತಕದಲ್ಲಿ ಓದಿದ್ದೆ. ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಅಷ್ಟರಲ್ಲಿ ಅವಳ ನೋಟ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯಿತು. ಮತ್ತೆ ಎಡಕ್ಕೆ ಬಂತು. ಆಮೇಲೆ ಕೇಕೆ ಹಾಕಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಮ್ಮಮ್ಮನಿಗೆ ಹೇಳ್ಬೇಡ,” ಎಂದರು ತಾತ ಮೆಲ್ಲಗೆ.

ಆದರೆ ನಾನು ಹೇಳಿದೆ. ಹೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಅಮ್ಮ ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಮಗುವಿಗೆ ಮೂರು ಸಲ ಇಳಿ ತೆಗೆದಳು. ಕರೆಂಟ್ ಒಲೆಯ ಮೇಲೆ ಕಾವಲಿ ಇಟ್ಟು ಅದರಲ್ಲಿ ಸುಟ್ಟಳು. ಸ್ಮೋಕ್ ಅಲಾರಂ ಕೂಗಿಕೊಂಡಿತು. ಗಂಡ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತ. ಆ ಗಲಾಟೆಯಲ್ಲೂ ತಾತ ಸೋಫಾದಲ್ಲಿ ಕದಲದೆ ಕೂತಿದ್ದರು.

“ಅಪ್ಪ, ಇನ್ನು ನೀವು ಅಲ್ಲಿಗೆ ಹೋಗೋದು ಬೇಡ,” ಎಂದಳು ಅಮ್ಮ.

“ಈಗ ಹೋಗ್ದೆ ಇದ್ರೆ ಹೇಗಮ್ಮ? ಅವರಲ್ಲಿ ಇನ್ನೂ ಇಬ್ಬರು ಬರೋದು ಬಿಡೋ ಹಾಗಿದಾರೆ.”

ಅದು ನಿಜವಾಯಿತು. ಡಿಸೆಂಬರಿನಲ್ಲಿ ಹಳದಿ ತಂಡ ಎಂಟು ಜನಕ್ಕಿಳಿದಿತ್ತು. ಗೆರೆಯ ಪಕ್ಕ ಕೂರುತ್ತಿದ್ದ ಹೆಂಗಸರು, ಮಕ್ಕಳು, ಪಾನೀಯದ ಡಬ್ಬಿಗಳು, ರೇಡಿಯೋ ಹಾಡು ಎಲ್ಲ ಒಂದೊಂದಾಗಿ ಇಲ್ಲವಾದವು. ಒಂದು ಭಾನುವಾರ ಇಡೀ ಮೈದಾನದ ಸುತ್ತ ನೋಡುವವರು ಅಂತ ಇದ್ದದ್ದು ನಾವು ಮೂವರೇ. ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಲೂ ಇರಲಿಲ್ಲ. ಬೂಟಿಗೆ ಚೆಂಡು ತಾಗುವ ಸದ್ದು, ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ತಾತನೊಬ್ಬರೇ ಬೆಂಗಳೂರಿನಲ್ಲಿ ಕೂಗುತ್ತಿದ್ದ ಹಾಗೆಯೇ, “ಬಿಡ್ಬೇಡ! ಬಿಡ್ಬೇಡ ಅವನ್ನ!” ಎಂದು ಕೂಗುತ್ತಿದ್ದರು.

ಆಟ ಮುಗಿದ ಮೇಲೆ ನಾನು ಧೈರ್ಯ ಮಾಡಿ ಕ್ಯಾಪ್ಟನ್ ಹತ್ತಿರ ಹೋದೆ. ಕೀಪರ್ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ನನ್ನನ್ನು, ನನ್ನ ಸ್ಟ್ರೋಲರನ್ನು, ಆಮೇಲೆ ಪಾರ್ಕಿಂಗ್ ಲಾಟನ್ನು ನೋಡಿದ.

“ಹೋದ,” ಎಂದ.

“ಎಲ್ಲಿಗೆ?”

ಅವನು ಬೂಟಿನ ಲಾಡಿ ಬಿಚ್ಚಲು ಬಗ್ಗಿದ. ಆ ಗೋಲಿನಲ್ಲಿ ನಿಲ್ಲುತ್ತಿದ್ದ ಗಿಡ್ಡನೆಯವನು ಮಾತ್ರ, ನಾನು ಕೇಳದೆಯೇ, “ಅಲ್ಲಿ ಎಡಗಡೆ ತುಂಬಾ ಚಳಿ,” ಎಂದ. ಕೈಗವಸು ಕಿತ್ತು ಬೆರಳುಗಳನ್ನು ಉಜ್ಜಿಕೊಂಡ.

ಆ ವಾರ ಪಕ್ಕದ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಗೆ ಬೇಳೆ ತರಲು ಹೋದಾಗ, ಅಲ್ಲಿ ಮೂಟೆ ಇಳಿಸುತ್ತಿದ್ದ ಉದ್ದನೆಯ ಆಳೊಬ್ಬನ ಬೆನ್ನು ಕಂಡು ಅವನ ಹಿಂದೆ ಕಪಾಟುಗಳ ಎರಡು ಸಾಲು ದಾಟಿ ಓಡಿದೆ. ತಿರುಗಿ ನೋಡಿದವನು ಬೇರೆ ಯಾರೋ. ಅವನ ಮುಖದಲ್ಲಿ ಎದ್ದ ಭಯವನ್ನು ಕಂಡು ನನಗೇ ನಾಚಿಕೆಯಾಯಿತು. ಹಿಂದಿನಿಂದ ಯಾರಾದರೂ ಓಡಿಬಂದರೆ ಹೆದರುವ ಕಾಲವಾಗಿತ್ತು ಅವರಿಗೆ. ಅಷ್ಟು ಹೊತ್ತಿಗೆ ನನಗೂ ಸ್ವಲ್ಪ ಸ್ವಲ್ಪ ತಿಳಿದಿತ್ತು. ವೀಸಾ ಇಲ್ಲದವರು ಲೈಸೆನ್ಸ್ ಇಲ್ಲದೆ ಕಾರು ಓಡಿಸಿ ಸಿಕ್ಕಿಬಿದ್ದರೆ ವಾಪಸ್ ಮನೆಗೆ ಬರುತ್ತಿಲ್ಲ ಎಂದು ಗಂಡನ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಆದರೂ, ಹಾಗೆ ಹೋದವನು ತಾತನ ಕಣ್ಣಿಗೆ ಏಕೆ ಬೀಳಬೇಕು? ಸೆರೆಯಲ್ಲಿ ಏನಾದರೂ ಆಯಿತೋ ಏನೋ ಎಂದು ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಉತ್ತರ ಸಿಕ್ಕಿದ್ದು ಜನವರಿಯಲ್ಲಿ. ಅಂದು ಆಟವೇ ನಡೆಯಲಿಲ್ಲ. ಹಳದಿಯವರು ಆರು ಜನ ಬಂದು, ಸುಮ್ಮನೆ ಚೆಂಡು ಒದೆಯುತ್ತಿದ್ದರು. ಕ್ಯಾಪ್ಟನ್ನಿನ ಫೋನು ರಿಂಗಾಯಿತು. ಅವನು ಸ್ಪ್ಯಾನಿಷಿನಲ್ಲಿ ಜೋರಾಗಿ ಮಾತಾಡುತ್ತ, ನಗುತ್ತ, ಇದ್ದಕ್ಕಿದ್ದಂತೆ ನಮ್ಮ ಕಡೆ ಓಡಿಬಂದು ಫೋನನ್ನು ತಾತನ ಕಿವಿಗೆ ಹಿಡಿದ.

“ನಮ್ಮ ಗೋಲ್‌ಕೀಪರ್,” ಎಂದ ನನಗೆ. “ಊರಿನಿಂದ, ಅವನ ಅಮ್ಮನ ಮನೆಯಿಂದ ಮಾಡ್ತಿದ್ದಾನೆ. ಅಜ್ಜ ಬಂದಿದಾರಾ ಅಂತ ಕೇಳ್ತಿದ್ದಾನೆ.”

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಬದುಕಿದ್ದಾನೆ! ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ, ಅಂದರೆ ನವೆಂಬರಿನ ಕೊನೆಗೆ, ಕೆಲಸಕ್ಕೆ ಹೋಗುವಾಗ ಪೊಲೀಸರು ಅವನ ಕಾರು ನಿಲ್ಲಿಸಿದರಂತೆ. ಅಲ್ಲಿಂದ ಎಲ್ಲೆಲ್ಲೋ ಇಟ್ಟು, ಆಮೇಲೆ ಗಡಿ ದಾಟಿಸಿದರಂತೆ. ಈಗ ಚೆನ್ನಾಗಿದ್ದಾನಂತೆ.

ತಾತ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದರು. “ಏನಪ್ಪ, ಊಟ ಆಯ್ತಾ? ಮನೇಲೆಲ್ಲ ಹೇಗಿದಾರೆ? ನೀನಿಲ್ದೆ ಇವರಿಗೆ ಆಟಾನೇ ಬರ್ತಿಲ್ಲ.” ಆ ಕಡೆಯಿಂದ ಸ್ಪ್ಯಾನಿಷ್, ನಗು. ಒಂದೆರಡು ನಿಮಿಷ ಇಬ್ಬರೂ ಅವರವರ ಭಾಷೆಯಲ್ಲಿ ಹರಟಿದರು. ಕ್ಯಾಪ್ಟನ್ ನಗುತ್ತಿದ್ದ. ಕಣ್ಣೊರೆಸಿಕೊಂಡು ತಾತನ ಕಡೆ ತಿರುಗಿದ ನನಗೆ ಮಾತ್ರ ನಗಲಾಗಲಿಲ್ಲ. ತಾತ ಫೋನಿನಲ್ಲಿ ಮಾತಾಡುತ್ತಿದ್ದರೂ ನೋಡುತ್ತಿದ್ದದ್ದು ಆ ಖಾಲಿ ಗೋಲಿನ ಎಡಗಂಬವನ್ನು. ಎದುರಿಗಿರುವವನ ಮುಖ ನೋಡಿ ಮಾತಾಡುವ ಹಾಗೆ ತಲೆಯಾಡಿಸುತ್ತಿದ್ದರು. “ಸರಿಯಪ್ಪ, ಬರ್ತೀನಿ,” ಎಂದು ಆ ಕಡೆಗೆ ಕೈ ಎತ್ತಿದರು.

ಮನೆಗೆ ಬರುವಾಗ ಕೇಳಿದೆ. “ತಾತ, ಅವನು ಬದುಕಿದಾನಲ್ಲ. ಈಗಲಾದ್ರೂ ಒಪ್ಕೊಳ್ಳಿ, ಅಲ್ಲಿ ಯಾರೂ ಇಲ್ಲ ಅಂತ.”

ತಾತ ನಿಂತರು. ನನ್ನನ್ನು ಬೈಯುವವರಂತೆ ನೋಡಿದರು. “ಸತ್ತೋರೇ ಬರ್ಬೇಕು ಅಂತ ಯಾರಮ್ಮ ಹೇಳಿದ್ದು? ಆಟ ಅರ್ಧಕ್ಕೆ ಬಿಟ್ಟು ಹೋಗಬೇಕಾಗಿ ಬಂದೋರು ಬರ್ತಾರೆ.”

ಫೆಬ್ರವರಿಯಲ್ಲಿ ತಾತ, ಅಮ್ಮ ಬೆಂಗಳೂರಿಗೆ ಹೊರಟರು. ಆಮೇಲೆ ನಾನು ಆ ಮೈದಾನಕ್ಕೆ ಹೋಗಲಿಲ್ಲ. ಬಾಲ್ಕನಿಯ ಬಾಗಿಲನ್ನೂ ಭಾನುವಾರ ಮಧ್ಯಾಹ್ನ ಮುಚ್ಚಿಡುತ್ತಿದ್ದೆ. ವಸಂತದಲ್ಲಿ ಶಾಲೆಯ ಹೆಣ್ಣುಮಕ್ಕಳ ತಂಡಗಳು ಅಲ್ಲಿ ಆಡತೊಡಗಿದವೆಂದು ಗಂಡ ಹೇಳಿದ. ಹಳದಿ ಅಂಗಿಯವರನ್ನು ಮತ್ತೆ ಯಾರೂ ನೋಡಲಿಲ್ಲ.

ಜೂನ್ ತಿಂಗಳಲ್ಲಿ ತಾತ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಕೂತವರು ಹಾಗೇ ಹೋದರಂತೆ. ನನಗೆ ಹೋಗಲಾಗಲಿಲ್ಲ. ನಮ್ಮ ವೀಸಾ ಮುಂದುವರಿಸುವ ಕಾಗದಗಳು ಇನ್ನೂ ಬಂದಿರಲಿಲ್ಲ. ಈಗ ಹೊರಗೆ ಹೋದರೆ ವಾಪಸ್ ಬರುವುದು ಕಷ್ಟ ಎಂದು ಲಾಯರ್ ಹೇಳಿದ್ದರು. ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತು ಅತ್ತೆ. ಅದಕ್ಕಿಂತ ಹೆಚ್ಚಿಗೆ ನನ್ನಿಂದ ಏನೂ ಆಗಲಿಲ್ಲ.

ಎರಡು ದಿನದ ಮೇಲೆ ಅಮ್ಮ ಫೋನ್ ಮಾಡಿದಳು.

“ಎಲ್ಲ ಸರಿಯಾಗಿ ಆಯ್ತು ಕಣೇ. ಹೊರೋಕೆ ಜನ ಸಾಲಲ್ಲ ಅಂತ ಊರಿಂದ ಬಂದಿದ್ದ ನಿಮ್ಮ ಮಾವ ಒದ್ದಾಡ್ತಿದ್ದ. ಅಷ್ಟರಲ್ಲಿ ಗೇಟಿನ ಹತ್ರ ಒಂದಷ್ಟು ಮುದುಕರು ಬಂದು ನಿಂತಿದ್ರು. ಎಲ್ಲ ಕಾರ್ಖಾನೆ ಟೀಮಿನೋರಂತೆ, ಹನ್ನೊಂದು ಜನ. ನಾವು ಯಾರಿಗೂ ಹೇಳಿರ್ಲಿಲ್ಲ. ಪೇಪರ್‌ಗೂ ಕೊಟ್ಟಿರ್ಲಿಲ್ಲ. ಯಾರು ಹೇಳಿದ್ರೋ.”

“ನೀನು ಕೇಳ್ಲಿಲ್ವಾ?”

“ಕೇಳೋ ಹೊತ್ತಾ ಅದು? ಅವರೇ ಹೆಗಲು ಕೊಟ್ರು. ಕಾಫಿನೂ ಕುಡೀಲಿಲ್ಲ. ಅವರಲ್ಲೊಬ್ಬರು ಹೋಗ್ತಾ ಹೋಗ್ತಾ ನನ್ನ ಹತ್ರ ಬಂದು, ಅಮೆರಿಕದಲ್ಲಿರೋ ಮರಿಮಗಳು ಈಗ ನಡೀತಾಳಾ ಅಂತ ಕೇಳಿದ್ರು.”

ನನ್ನ ಮಗಳು ಆಗ ಸೋಫಾ ಹಿಡಿದುಕೊಂಡು ನಿಂತಿದ್ದಳು.

“ಏನಂದೆ?”

“ಇನ್ನೂ ಇಲ್ಲ, ಹಿಡ್ಕೊಂಡು ನಿಲ್ತಾಳೆ ಅಂದೆ. ಸರಿಯಮ್ಮ ಅಂದ್ಬಿಟ್ಟು ಹೊರಟ್ರು.”