ಒಂದು ಗೇಣಿಗೆ ಎರಡು ಬೆರಳು ಕಮ್ಮಿ

ವಿಮಾನ ತಪ್ಪಬಹುದಿತ್ತು. ವಿಮಾನ ಸಿಕ್ಕಿ, ಪೆಟ್ಟಿಗೆಗಳು ಮಾತ್ರ ಬೇರೆ ಯಾವುದೋ ದೇಶ ನೋಡಲು ಹೋಗಬಹುದಿತ್ತು. ಪದ್ಮಿನಿಯ ಮಂಡಿಯೊಳಗಿನ ಲೋಹದ ಪಟ್ಟಿ ಪ್ರತಿ ತಪಾಸಣೆಯಲ್ಲೂ ಕುಂಯ್ ಎಂದು ಕೂಗಿ ನಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಬಹುದಿತ್ತು. ಬಾಡಿಗೆ ಕಾರಿನ ಸೀಟು ತೀರಾ ತಗ್ಗಾಗಿದ್ದು, ಅವಳು ಏಳಲಾರದೆ, ನಾನು ಎಬ್ಬಿಸಲಾರದೆ, ರಜೆಯನ್ನೆಲ್ಲ ಕಾರಿನೊಳಗೇ ಕಳೆಯಬೇಕಾಗಬಹುದಿತ್ತು. ಉಳಿಯುವ ಮನೆಯ ಬಚ್ಚಲು ಮಹಡಿಯ ಮೇಲಿರಬಹುದಿತ್ತು. ಕುರಿಮಂದೆ ರಸ್ತೆಗೆ ಅಡ್ಡ ಬರಬಹುದಿತ್ತು. ಆ ದೇಶದಲ್ಲಿ ಕುರಿಗಳ ಪರವಾಗಿ ವಾದಿಸಲು ವಕೀಲರಿರಬಹುದಿತ್ತು. ಪೆಟ್ರೋಲು ಮುಗಿಯಬಹುದಿತ್ತು. ಪೆಟ್ರೋಲು ಇದ್ದೂ ನನ್ನ ಇಂಗ್ಲಿಷು ಮುಗಿಯಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಆದದ್ದು ಒಂದೇ ಒಂದು, ಅದೂ ಬಹಳ ಸಣ್ಣದು; ಅದು ನೆನಪಾದದ್ದು ಹೀಗೆ. ಇವತ್ತು ಬೆಳಿಗ್ಗೆ ಮಳೆ ನಿಂತು ಹೊಳವಾದಾಗ ಹಿತ್ತಲಿಗೆ ಹೋಗಿ, ಅಲಸಂದೆ ಬಳ್ಳಿಗೆ ಆಸರೆ ಕೊಡೋಣವೆಂದು ಒಂದು ದಬ್ಬೆ ಎತ್ತಿಕೊಂಡೆ. ದಬ್ಬೆ ಎಂದರೆ ಅಡಿಕೆ ಮರವನ್ನು ಸೀಳಿ ಮಾಡಿದ ಪಟ್ಟಿ. ನಮ್ಮ ಕಡೆ ಬೇಲಿಯಿಂದ ಹಿಡಿದು ಬಟ್ಟೆ ಒಣಹಾಕುವ ತನಕ ಎಲ್ಲಕ್ಕೂ ಅದೇ. ಎತ್ತಿದ್ದೇ ತಡ, ಅಂಗೈ ಮೇಲೆ ಚಿಟಿಕೆಯಷ್ಟು ಹಳದಿ ಹುಡಿ ಉದುರಿತು. ಕುಟ್ಟೆ ಹುಳು ಕೊರೆದ ಹುಡಿ. ನೋಡಿ, ಅಷ್ಟು ಸಾಕಾಯಿತು. ಇಂಥದೇ ಹುಡಿಯನ್ನು ಸಮುದ್ರದಾಚೆ ಒಬ್ಬ ಅಧಿಕಾರಿ ಬಿಳಿ ಕಾಗದದ ಮೇಲೆ ಉದುರಿಸಿಕೊಂಡು, ರತ್ನ ಪರೀಕ್ಷೆ ಮಾಡುವವನ ಹಾಗೆ ಬಗ್ಗಿ ನೋಡಿದ್ದು ಕಣ್ಣ ಮುಂದೆ ಬಂತು.

ಪದ್ಮಿನಿ ನನ್ನ ಹೆಂಡತಿ. ನಾನು ಕೊಪ್ಪದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ಅವಳು ಬ್ಯಾಂಕಿನಲ್ಲಿದ್ದಳು. ಕೆಲವು ವರ್ಷಗಳ ಹಿಂದೆ ಎನ್.ಆರ್. ಪುರದ ದಾರಿಯ ಒಂದು ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದಳು. ಅಂದಿನಿಂದ ಎಡಗಾಲಿನ ಮಂಡಿ ಅರ್ಧಕ್ಕೆ ಮಾತ್ರ ಮಡಚುತ್ತದೆ. ಕೆಲಸ ಬಿಟ್ಟಳು. ನಡೆಯಲು ಊರುಗೋಲು ಬೇಕು, ಮೆಟ್ಟಿಲೆಂದರೆ ದೊಡ್ಡ ಕೆಲಸ. ಆದರೆ ಕ್ಲಚ್ಚಿಲ್ಲದ ಕಾರಿಗೆ ಎಡಗಾಲಿನ ಹಂಗಿಲ್ಲವಷ್ಟೆ. ಸ್ಟಿಯರಿಂಗ್ ಹಿಡಿದು ಕೂತಳೆಂದರೆ ನಮ್ಮಿಬ್ಬರಲ್ಲಿ ಕುಂಟುವವನು ನಾನು. ಇಂಡಿಕೇಟರ್ ಹಾಕಿದ ಮೇಲೂ ತಿರುಗುವುದೋ ಬೇಡವೋ ಎಂದು ಯೋಚಿಸುವ ಜಾತಿ ನನ್ನದು.

ಹಾಗಾಗಿ ಅವಳು ಒಂದು ದಿನ "ಕಾರಲ್ಲಿ ಎಲ್ಲಾದ್ರೂ ದೂರ ಹೋಗ್ಬೇಕು" ಎಂದಾಗ ನನ್ನ ಮನಸ್ಸು ಶಿವಮೊಗ್ಗದವರೆಗೆ ಹೋಗಿ ನಿಂತಿತು. ಅವಳು ನ್ಯೂಜಿಲೆಂಡ್ ಎಂದಳು.

"ಅಲ್ಲೂ ಎಡಗಡೆಯೇ ಓಡ್ಸೋದು. ನೋಡ್ಕೊಂಡಿದ್ದೇನೆ."

"ಅಷ್ಟು ದೂರ ಹೋಗಿ ನೋಡೋದು ಎಂತ?"

ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಸರೋವರದ ದಂಡೆಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪುಟ್ಟ ಮನೆ. ಮನೆಯ ಮುಂದಿನಿಂದ ನೀರಿನ ಮೇಲೆ ಚಾಚಿಕೊಂಡ ಹಲಗೆಯ ಕಟ್ಟೆ. ನೀರಿನಲ್ಲಿ ತಲೆಕೆಳಗಾಗಿ ನಿಂತ ಬಿಳಿ ಬೆಟ್ಟ.

"ಇದರ ತುದೀಲಿ ಕೂರ್ಬೇಕು. ಕಾಲು ಇಳಿಬಿಟ್ಕೊಂಡು."

"ಇಳಿಬಿಟ್ಟ ಕಾಲು ಮೇಲೆತ್ತೋದು ಯಾರು?"

"ಅದು ಆಮೇಲಿನ ಮಾತಾಯ್ತು, ಮಾರಾಯ್ರೆ."

ಅವಳ ಆಸೆ ನನಗೆ ಅರ್ಥವಾಗಿತ್ತು. ಬಿದ್ದ ಮೇಲೆ ನಾವು ನೆಂಟರ ಜೊತೆ ಎಷ್ಟೋ ಕಡೆ ಹೋಗಿದ್ದೇವೆ. ಹೊಳೆಯೋ ಧುಮುಕುವ ಅಬ್ಬಿಯೋ ಬಂದ ಕೂಡಲೇ ಎಲ್ಲರೂ ದಡಬಡ ಇಳಿಯುತ್ತಾರೆ. ಯಾರಾದರೊಬ್ಬರು ಕಿಟಕಿಗೆ ಬಗ್ಗಿ, "ಪದ್ಮಿನಿ, ನೀನು ಕಾರಲ್ಲೇ ಇರು, ಹೀಗೆ ಹೋಗಿ ಹಾಗೆ ಬಂದೆವು" ಎನ್ನುತ್ತಾರೆ. ಹೆಚ್ಚಿನ ಸಲ ಆ ಯಾರಾದರೊಬ್ಬರು ನಾನೇ.

ಸರಿ, ಹೋಗುವುದಾದರೆ ಶಾಸ್ತ್ರೋಕ್ತವಾಗಿ ಹೋಗೋಣ ಎಂದು ತಯಾರಿಗೆ ಇಳಿದೆ. ಮೊದಲು ಬೇಕಾದದ್ದು ಅಳತೆ. ಆಷಾಢದ ಒಂದು ಬೆಳಿಗ್ಗೆ ಅವಳನ್ನು ಗೋಡೆ ಹಿಡಿದು ನಿಲ್ಲಿಸಿ, ಎಡಗಾಲು ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆಂದು ನೋಡಿದೆ. ಒಂದು ಗೇಣಿಗೆ ಎರಡು ಬೆರಳು ಕಮ್ಮಿ. ಹಿತ್ತಲಲ್ಲಿದ್ದ ದಬ್ಬೆಯಿಂದ ಅಷ್ಟುದ್ದದ ತುಂಡೊಂದನ್ನು ಕತ್ತರಿಸಿ, ನಯ ಮಾಡಿ, ಅಂಗಿ ಜೇಬಿಗೆ ಸೇರಿಸಿದೆ. ಇನ್ನು ಮೇಲೆ ಲೋಕದ ಮೆಟ್ಟಿಲುಗಳೆಲ್ಲ ಎರಡೇ ಜಾತಿ: ಈ ಕೋಲಿಗಿಂತ ಗಿಡ್ಡ, ಈ ಕೋಲಿಗಿಂತ ಎತ್ತರ.

ಒಮ್ಮೆ ಅಳೆಯಲು ಶುರು ಮಾಡಿ ನೋಡಿ, ನಿಮ್ಮ ಊರು ನಿಮಗೆ ಗೊತ್ತೇ ಇರಲಿಲ್ಲವೆಂದು ತಿಳಿಯುತ್ತದೆ. ಇಷ್ಟು ವರ್ಷ ಓಡಾಡಿದ ಕೊಪ್ಪದ ಪೇಟೆಯಲ್ಲಿ ಒಂದು ಮೆಟ್ಟಿಲಿನ ಹಾಗೆ ಇನ್ನೊಂದಿಲ್ಲ. ಔಷಧಿ ಅಂಗಡಿಯ ಮೆಟ್ಟಿಲು ಹತ್ತಬಲ್ಲ ರೋಗಿಗೆ ಔಷಧಿಯೇ ಬೇಡ. ನನಗೆ ಕುತೂಹಲ ಹೆಚ್ಚಿತು. ಶಾಲೆ ಬಿಟ್ಟ ಮೇಲೆ ಬಗ್ಗಿ ಬಗ್ಗಿ ಅಳೆಯುತ್ತಾ ಅಣ್ಣಪ್ಪನ ಬಟ್ಟೆ ಅಂಗಡಿಯ ಮುಂದೆ ಬಂದೆ. ಅವನು ಗಲ್ಲಾದಿಂದಲೇ ಕತ್ತು ಚಾಚಿದ.

"ಮೇಷ್ಟ್ರೇ, ಈ ಸಲ ಎಂತದ್ರ ಗಣತಿ?"

ತಪ್ಪು ಅವನದಲ್ಲ. ಜನ, ದನ, ಮತ, ಮನೆ, ಯಾವುದನ್ನು ಎಣಿಸುವುದಿದ್ದರೂ ಸರ್ಕಾರಕ್ಕೆ ಮೊದಲು ನೆನಪಾಗುವುದು ಮೇಷ್ಟ್ರುಗಳೇ.

"ಗಣತಿ ಅಲ್ಲ ಮಾರಾಯ. ಮೆಟ್ಟಿಲು ನೋಡ್ತಿದ್ದೆ."

"ಮೆಟ್ಟಿಲಾ?" ಅವನ ಮುಖ ಇಳಿಯಿತು. "ರಸ್ತೆ ಅಗಲ ಮಾಡ್ತಾರಂತಾ? ನೋಡಿ, ಇದು ನಮ್ಮಪ್ಪನ ಕಾಲದ್ದು. ಮೆಟ್ಟಿಲು ಮೊದಲು ಬಂದದ್ದು, ಚರಂಡಿ ಆಮೇಲೆ. ಹಾಗೇ ಬರ್ಕೊಳ್ಳಿ."

"ಬರ್ಕೊಳ್ಳಲಿಕ್ಕೆ ಎಂತ ಇಲ್ಲ. ನಮ್ಮನೆಯವಳಿಗೋಸ್ಕರ ನೋಡ್ತಿರೋದು."

"ಹೌದೌದು. ಮೇಲಿಂದ ಹೇಳ್ಬೇಡಿ ಅಂತ ಆರ್ಡರ್ ಇರ್ತದೆ, ನಿಮಗೂ ಕಷ್ಟ. ಟೀ ಕುಡೀರಿ."

ನಾನು ಟೀ ಕುಡಿದು ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಪಾತ್ರೆ ಅಂಗಡಿಯವನು ತನ್ನ ಮೆಟ್ಟಿಲ ಮೇಲೆ ಪಂಚೆ ಹರಡಿ ಕೂತು, ಅಲ್ಲಿ ಮೆಟ್ಟಿಲೇ ಇಲ್ಲವೆಂಬಂತೆ ಆಕಾಶ ನೋಡುತ್ತಿದ್ದ. ಕೆಲವೇ ದಿನಗಳಲ್ಲಿ ಅಣ್ಣಪ್ಪ, ಮೆಟ್ಟಿಲೇ ಇಲ್ಲದಿದ್ದರೆ ಅಳೆಯುವುದೇನನ್ನು ಎಂದು, ಚರಂಡಿಯ ಮೇಲೆ ಚಾಚಿದ್ದ ಮೆಟ್ಟಿಲನ್ನು ಒಡೆಸಿ, ಅಷ್ಟೇ ಜಾಗದಲ್ಲಿ ಸಿಮೆಂಟಿನ ಇಳಿಜಾರು ಮಾಡಿಸಿಬಿಟ್ಟ. ಇಷ್ಟು ವರ್ಷ ಕಾರಿನ ಕಿಟಕಿಯಲ್ಲೇ ಸೀರೆ ಆರಿಸುತ್ತಿದ್ದ ಪದ್ಮಿನಿ ಊರುಗೋಲು ಊರಿಕೊಂಡು ಒಳಗೆ ಹೋದಳು. ಒಂದು ಇಡೀ ಸಂಜೆ ಕೂತು, ಎಲ್ಲ ಕಪಾಟುಗಳನ್ನೂ ಖಾಲಿ ಮಾಡಿಸಿ, ಕೊನೆಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಂಡಳು. ಅಣ್ಣಪ್ಪ ನನ್ನ ಕಿವಿಯಲ್ಲಿ ಕೇಳಿದ: "ಮೇಡಮ್ಮನ್ನೂ ಕಮಿಟಿಗೆ ಹಾಕಿದ್ದಾರಾ?"

ಇತ್ತ ನಾನು ನ್ಯೂಜಿಲೆಂಡಿನ ಮನೆಯೊಡೆಯರಿಗೆಲ್ಲ ಇಮೇಲ್ ಬರೆಯುತ್ತಿದ್ದೆ. ಹೊಸಿಲು ಎಷ್ಟೆತ್ತರ, ಮಂಚ ಎಷ್ಟೆತ್ತರ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನಿದೆ. ಸರೋವರದ ಮನೆಯ ಒಡತಿ, ವಯಸ್ಸಾದ ಹೆಂಗಸು, ಟೇಪು ಹಿಡಿದು ಚಿತ್ರ ತೆಗೆದು ಕಳಿಸಿದಳು. ಚಿತ್ರದಲ್ಲಿ ಮೆಟ್ಟಿಲಿನ ಪಕ್ಕ ಒಂದು ಮುದಿ ನಾಯಿಯೂ ಇತ್ತು. ಮನೆಯೊಳಗೆ ಎಲ್ಲ ಸಮತಟ್ಟು. ಹಲಗೆಯ ಕಟ್ಟೆಗೆ ಹತ್ತುವಲ್ಲಿ ಮಾತ್ರ ಒಂದು ಮೆಟ್ಟಿಲು. 'ನನ್ನ ನಾಯಿ ಹತ್ತುತ್ತದೆ, ನಿಮ್ಮ ಹೆಂಡತಿಯ ವಿಷಯ ನಾನು ಹೇಗೆ ಹೇಳಲಿ' ಎಂದು ಬರೆದಿದ್ದಳು. ಟೇಪಿನ ಲೆಕ್ಕವನ್ನು ಕೋಲಿಗೆ ಹೋಲಿಸಿದೆ. ಮೆಟ್ಟಿಲು ಒಂದು ಗೇಣು ದಾಟಿತ್ತು.

"ಇದು ಆಗೋದಿಲ್ಲ," ಎಂದೆ.

ಪದ್ಮಿನಿ ನಾಯಿಯ ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಅವಳು ಜಗಳವಾಡದಿದ್ದಾಗ ನಾನು ಗೆದ್ದೆ ಎಂದುಕೊಳ್ಳುತ್ತೇನೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ.

ಚಳಿಗಾಲದಲ್ಲಿ ಒಂದು ತಾಲೀಮು ಇಟ್ಟುಕೊಂಡೆವು. ಮೊದಲು ಎನ್.ಆರ್. ಪುರ, ಅಲ್ಲಿಂದ ಶೃಂಗೇರಿ, ಅಲ್ಲಿ ರಾತ್ರಿ ಉಳಿದು ವಾಪಸ್ಸು. ದಾರಿ ಗೊತ್ತಿಲ್ಲವೆಂದು ತಿಳಿದುಕೊಂಡೇ ಹೋಗಬೇಕೆಂಬುದು ನನ್ನ ನಿಯಮ. ಅವಳು ಓಡಿಸುವುದು, ನಾನು ಫೋನಿನ ನಕ್ಷೆ ಓದುವುದು. ಹುಟ್ಟಿದಾಗಿನಿಂದ ಓಡಾಡಿದ ರಸ್ತೆಯಲ್ಲಿ ನಕ್ಷೆ ನಂಬಿಕೊಂಡು ಒಂದು ಕಾಫಿ ಎಸ್ಟೇಟಿನ ಗೇಟಿಗೆ ಹೋಗಿ ನಿಂತೆವು.

"ಪಾಸ್‌ಪೋರ್ಟ್ ತೆಗೀರಿ," ಎಂದಳು ಪದ್ಮಿನಿ.

ಎನ್.ಆರ್. ಪುರದಲ್ಲಿ ಭದ್ರಾ ಹಿನ್ನೀರು ಕಾಣುವಲ್ಲಿ ಕಾರು ನಿಲ್ಲಿಸಿದಳು. ಕಾರಿನೊಳಗಿಂದಲೇ ನೀರು ಕಾಣುತ್ತದೆ, ಅನುಕೂಲವಾಯಿತು ಎಂದೆ ನಾನು. ಅವಳು ಗಾಜಿನಾಚೆ ಬಹಳ ಹೊತ್ತು ನೋಡಿದಳು.

"ಕಾರಿಂದ ನೋಡಿದ ನೀರು ಟೀವೀಲಿ ನೋಡಿದ ಹಾಗೆ. ವಾಸನೆ ಬರೋದಿಲ್ಲ."

ಶೃಂಗೇರಿಯ ಲಾಡ್ಜಿಗೆ ಫೋನು ಮಾಡಿ ಮೊದಲೇ ಕೇಳಿದ್ದೆ. ಮೆಟ್ಟಿಲೇ ಇಲ್ಲ ಸಾರ್ ಎಂದಿದ್ದರು. ಹೋಗಿ ನೋಡಿದರೆ ಬಾಗಿಲಲ್ಲೇ ಮೂರು.

"ಇದೆಂತ ಮತ್ತೆ?" ಎಂದು ಮ್ಯಾನೇಜರನನ್ನು ಕೇಳಿದೆ.

"ಇದು ಮೆಟ್ಟಿಲಲ್ಲ ಸಾರ್, ಇದು ಎಂಟ್ರೆನ್ಸು."

ಕೋಲು ತೆಗೆದು ಇಟ್ಟೆ. ಎರಡು ಬೆರಳು ಹೆಚ್ಚು. ಪದ್ಮಿನಿ ಆಗಲೇ ಇಳಿದು ಮೆಟ್ಟಿಲಿನ ಹತ್ತಿರ ಬಂದಿದ್ದಳು. "ಬೇಡ ಬೇಡ, ಕಾರು ಹತ್ತು" ಎಂದೆ. ಮ್ಯಾನೇಜರ್ ಕುರ್ಚಿ ಸಮೇತ ಎತ್ತಿಸುತ್ತೇನೆಂದ. ಅದು ಅವಳಿಗೆ ಬೇಡವಾಗಿತ್ತು. ತಾಲೀಮು ಅರ್ಧಕ್ಕೆ ಮುಗಿಯಿತು. ವಾಪಸ್ಸು ಬರುವಾಗ ಹರಿಹರಪುರ ದಾಟಿದೆವು. ಆಮೇಲೆ ರಸ್ತೆ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು:

"ಆ ಕೋಲು ಯಾವಾಗ ಕಡಿದದ್ದು?"

"ಆಷಾಢದಲ್ಲಿ. ಯಾಕೆ?"

"ಮಳೇಲಿ ನನ್ನ ಮಂಡಿ ಎಷ್ಟು ಬಿಗಿದಿರ್ತದೆ ಅಂತ ಗೊತ್ತಲ್ಲ ನಿಮಗೆ. ಸುಮ್ನೆ ಕೇಳಿದೆ."

ಸುಮ್ಮನೆ ಕೇಳಿದ್ದಾಳೆಂದು ನಾನೂ ಸುಮ್ಮನಾದೆ.

ಬೇಸಿಗೆ ರಜೆ ಬಂತು, ಹೊರಟೆವು. ಆ ದೇಶದವರಿಗೆ ಹೊರಗಿನ ಮಣ್ಣು, ಮರ, ಬೀಜವೆಂದರೆ ಬಹಳ ಎಚ್ಚರ ಎಂದು ಓದಿಕೊಂಡಿದ್ದೆ. ಅತ್ತಿಗೆ ತಮ್ಮೂರು ಮೆಣಸೆಯಿಂದ ಕಳಿಸಿದ್ದ ಮಿಡಿ ಉಪ್ಪಿನಕಾಯಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟೆ. ನನ್ನ ಅಡಿಕೆ ಚೀಲ ಬಿಟ್ಟೆ. ಚಪ್ಪಲಿಯ ಅಡಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಅಲ್ಲಿ ಇಳಿದು ತಪಾಸಣೆಯ ಸಾಲಿನಲ್ಲಿ ನಿಂತಾಗ ನನ್ನಷ್ಟು ಶುದ್ಧ ಮನುಷ್ಯ ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ. ಮರದ ವಸ್ತು ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದ. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪದ್ಮಿನಿ ಕೈಚಾಚಿ ನನ್ನ ಜೇಬಿನಿಂದ ಕೋಲನ್ನು ಎಳೆದು ಮೇಜಿನ ಮೇಲಿಟ್ಟು, ಬ್ಯಾಂಕಿನ ದಿನಗಳ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು: "ಇದೊಂದು ಇದೆ."

ಅಧಿಕಾರಿ ಬಿಳಿ ಕಾಗದ ಹಾಸಿ ಕೋಲನ್ನು ತಟ್ಟಿದ. ಚಿಟಿಕೆ ಹಳದಿ ಹುಡಿ ಉದುರಿತು. ಇದು ಏನು, ಯಾವುದಕ್ಕೆ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಹೆಂಡತಿಯನ್ನು ಅಳೆಯುವ ಕೋಲು ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಹೇಗೆ ಕೇಳಿಸುತ್ತದೋ ಎಂದು ಹೆದರಿ ಸುಮ್ಮನೆ ನಿಂತೆ. ಒಳಗೆ ಹುಳು ಇದೆ, ಬಿಡುವ ಹಾಗಿಲ್ಲ ಎಂದ. ಕೋಲು ಒಂದು ಚೀಲ ಸೇರಿ ಹೋಯಿತು. ಅಷ್ಟು ದೊಡ್ಡ ಪ್ರಯಾಣದಲ್ಲಿ ಎಡವಟ್ಟಾದದ್ದು ಇದೊಂದೇ.

"ಎಂತ ಮಾಡಿದೆ ನೀನು!"

"ಸುಳ್ಳು ಹೇಳ್ಬೇಕಿತ್ತಾ?" ಎಂದಳು. ಮುಖದಲ್ಲಿ ನಗು ಇತ್ತೋ ಇಲ್ಲವೋ, ಆಗಲೇ ಬಾಗಿಲ ಕಡೆ ತಿರುಗಿದ್ದಳು.

ಮೂರನೆಯ ದಿನ ಅವಳೇ ಓಡಿಸುತ್ತಿದ್ದಳು. ನಾನು ಓದುತ್ತಿದ್ದ ನಕ್ಷೆ ನೇರ ಹೋಗು ಎನ್ನುತ್ತಿತ್ತು. ಅವಳು ಇಂಡಿಕೇಟರ್ ಹಾಕಿ, ಯೋಚಿಸದೆ, ಬಲಕ್ಕೆ ತಿರುಗಿದಳು. ಜಲ್ಲಿಯ ದಾರಿ, ಪುಟ್ಟ ಮನೆ, ನಾಯಿ. ನಾಯಿಯನ್ನು ನಾನು ಮೊದಲು ಗುರುತಿಸಿದೆ. ಮನೆಯೊಡತಿ ಹೊರಗೆ ಬಂದು "ಪದ್ಮಿನಿ!" ಎಂದು ಕರೆದಾಗ, ನಾನು ಪತ್ರ ನಿಲ್ಲಿಸಿದ ಮೇಲೂ ಇವರಿಬ್ಬರು ನಿಲ್ಲಿಸಿರಲಿಲ್ಲವೆಂದು ತಿಳಿಯಿತು.

ಆ ಮೆಟ್ಟಿಲಿನ ಮುಂದೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಪದ್ಮಿನಿ ಊರುಗೋಲು ನನ್ನ ಕೈಗೆ ಕೊಟ್ಟು, ಮೆಟ್ಟಿಲಿಗೆ ಬೆನ್ನು ಮಾಡಿ, ಕಟ್ಟೆಯ ಮೇಲೆ ಕೂತಳು. ಎರಡೂ ಕೈ ಹಿಂದೆ ಊರಿ ಹಿಮ್ಮುಖವಾಗಿ ಸರಿದಳು; ಎಡಗಾಲು ನೆಟ್ಟಗೆ ಹಿಂದೆಯೇ ಬಂತು. ಆಮೇಲೆ ಕಟ್ಟೆಯ ಅಂಚಿನ ಗೂಟ ಹಿಡಿದು ಎದ್ದು ನಿಂತಳು. ಹೊಸದಾಗಿ ಮಾಡಿದ ಹಾಗೆ ಕಾಣಲಿಲ್ಲ.

"ಇದೆಲ್ಲಿ ಕಲಿತೆ?"

"ನಮ್ಮ ಹಿಂಬಾಗಿಲಲ್ಲಿ. ನೀವು ಶಾಲೆಗೆ ಹೋದ್ಮೇಲೆ ದಿನಾ ಇಳೀತೇನೆ."

"ಹಿತ್ತಲು ನೋಡ್ಕೊಳ್ಳೋದು ಕೆಲಸದ ಗಿರಿಜಮ್ಮ ಅಲ್ವಾ?"

"ಗಿರಿಜಮ್ಮ ಪಾತ್ರೆ ತೊಳ್ದು ಹೋಗ್ತಾಳೆ. ಅಲಸಂದೆ ಯಾರು ಹಾಕಿದ್ದು ಅಂತ ಮಾಡಿದ್ರಿ?"

ಕೊಪ್ಪದ ಪೇಟೆಯನ್ನೆಲ್ಲ ಅಳೆದವನು ನನ್ನ ಮನೆಯ ಹಿಂಬಾಗಿಲನ್ನು ಅಳೆದಿರಲಿಲ್ಲ.

"ಹೇಳ್ಬಾರದಿತ್ತಾ?" ಎಂದೆ.

"ಹೇಳಿದ್ರೆ ಅಳೀತಿದ್ರಿ."

ಅವಳು ತುದಿಗೆ ಹೋಗಿ ಕೂತು ಕಾಲು ಇಳಿಬಿಟ್ಟಳು. ಬಲಗಾಲು ನೀರಿನಲ್ಲಿ, ಎಡಗಾಲು ನೀರಿನ ಮೇಲೆ ಚಾಚಿಕೊಂಡು. ನಾಯಿ ಪಕ್ಕದಲ್ಲಿ ಮಲಗಿತು. ನೀರಿಗೆ ಏನು ವಾಸನೆ ಎಂದು ಕೇಳಿದೆ. ಬಂದು ನೋಡಿ ಎಂದಳು. ಕಬ್ಬಿಣದ ವಾಸನೆ, ತುಸು ಹಸಿ ಎಲೆಯದು. ಕಾಲು ಮೇಲೆತ್ತುವ ಮಾತು ಆಮೇಲೆ ಬಂತು. ಆಗ ನನ್ನ ಹೆಗಲು ಕೇಳಿದಳು, ಕೊಟ್ಟೆ.

ಈಗ ಮತ್ತೆ ಆಷಾಢ. ಅವಳ ಮಂಡಿ ಬಿಗಿದುಕೊಂಡಿದೆ. ಆದರೂ ಬೆಳಿಗ್ಗೆ ನಾನು ಹಿತ್ತಲಿಗೆ ಹೋಗುವಾಗ ಅವಳು ಆಗಲೇ ಇಳಿದು, ಮಣೆಯ ಮೇಲೆ ಕೂತು ಕಳೆ ಕೀಳುತ್ತಿದ್ದಳು. ಇಳಿದದ್ದು ಹೇಗೆಂದು ನಾನು ಕೇಳಲಿಲ್ಲ. ಅಂಗೈಯ ಹುಡಿ ಒರೆಸಿಕೊಂಡು ಕತ್ತಿ ತೆಗೆದುಕೊಂಡೆ.

"ದಬ್ಬೆ ಎಷ್ಟುದ್ದಕ್ಕೆ ಕಡೀಲಿ?"

"ಕಡೀಬೇಡಿ ಮಾರಾಯ್ರೆ, ಇಡೀದು ನೆಡಿ. ಬಳ್ಳಿ ಎಲ್ಲಿವರೆಗೆ ಹೋಗ್ತದೆ ನೋಡುವ."

ನೆಟ್ಟೆ. ದಬ್ಬೆ ಸ್ವಲ್ಪ ವಾಲಿದೆ. ಎಷ್ಟು ಎಂದು ಅಳೆದಿಲ್ಲ.