ಒಲೆಯ ಬಾಯಿಂದ ಎದ್ದು ಬಂದ ಕುರ್ಚಿಗಳು

ಬೆಳಗಿನ ಐದು ಗಂಟೆ. ಹುಣಸೂರಿನ ಬಜಾರಿನ ಹಿಂದಿನ ಓಣಿಯಲ್ಲಿ ಬೀದಿದೀಪ ಕೆಟ್ಟು ವಾರವಾಗಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಿರುವವನು ಈ ಓಣಿಗೆ ಹೊಸಬ. ಒಂದು ಜಗಲಿಯ ಮುಂದೆ ಬಂದವನೇ ಹೌಹಾರಿ ಬ್ರೇಕು ಹಿಡಿಯುತ್ತಾನೆ. ಕಗ್ಗತ್ತಲಲ್ಲಿ ಒಂದು ಬಿಳಿ ಅಂಗಿ ಕೂತಿದೆ. ಅದರ ಎರಡೂ ತೋಳುಗಳು ಏನನ್ನೋ ಸುತ್ತುತ್ತಿವೆ.

"ಯಾರ್ಲಾ ಅದು!"

"ನಾನೇ ಕಣಪ್ಪಾ, ಖದೀರು. ಬೆತ್ತ ಸುತ್ತುತಾ ಇವ್ನಿ. ನೀನೋಗು, ಹಾಲು ಒಡ್ದೋದಾತು."

ಖದೀರ್ ಅವರಿಗೆ ಈಗ ಐವತ್ತೊಂಬತ್ತು. ಏಳನೇ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ಕಣ್ಣು ಕಾಣದವರಿಗೆ ಕೆಲಸಕ್ಕೆ ಲೈಟು ಬೇಕಾಗಿಲ್ಲ ಎಂಬ ಇಷ್ಟು ಸಣ್ಣ ಸಂಗತಿ ನಮಗೆ ಹೊಳೆಯುವುದೇ ಇಲ್ಲ, ಅದಕ್ಕೇ ಬೆಚ್ಚಿಬೀಳುತ್ತೇವೆ. ಅವರಿಗೆ ಇದು ಅಭ್ಯಾಸವಾಗಿದೆ. ದಿನಕ್ಕೆ ಒಬ್ಬರಾದರೂ ಹೀಗೆ ಕಿರುಚದಿದ್ದರೆ ಬೆಳಗಾದಂತೆ ಅನ್ನಿಸುವುದಿಲ್ಲ ಎಂದು ನಗುತ್ತಾರೆ.

ಇವರ ಕಸುಬು ಕುರ್ಚಿಗೆ ಬೆತ್ತ ನೇಯುವುದು. ಮೈಸೂರಿನ ಅಂಧ ಮಕ್ಕಳ ಹಾಸ್ಟೆಲಿನಲ್ಲಿ ಕಲಿತದ್ದು, ಮೂವತ್ತೆಂಟು ವರ್ಷದಿಂದ ಇದೇ ಜಗಲಿಯಲ್ಲಿ ನಡೆಸಿದ್ದು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕುರ್ಚಿಗಳು ಆಟೋ ಹತ್ತಿ ಇವರಲ್ಲಿಗೆ ಬರುತ್ತವೆಯೇ ಹೊರತು ಇವರು ಗಿರಾಕಿಯ ಮನೆಗೆ ಹೋದದ್ದಿಲ್ಲ. ಇವತ್ತು ಆ ನೇಮ ಮುರಿಯುತ್ತಿದೆ. ರಾತ್ರಿಯೆಲ್ಲ ನೆನೆದ ಬೆತ್ತದ ಪಟ್ಟಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮಗಳು ಮೆಹನಾಜ್ ಜೊತೆ ಪಿರಿಯಾಪಟ್ಟಣದ ಮೊದಲ ಬಸ್ಸು ಹಿಡಿಯಲಿದ್ದಾರೆ. ಹೋಗುತ್ತಿರುವುದು ಒಂದೇ ಒಂದು ಕುರ್ಚಿಗಾಗಿ. ಆ ಕುರ್ಚಿಯ ಒಡತಿ, ಎಂಬತ್ತರ ಮಲ್ಲಾಜಮ್ಮ, ಅದನ್ನು ಒಂದು ದಿನದ ಮಟ್ಟಿಗೂ ಬಿಟ್ಟುಕೊಡಲು ಒಪ್ಪುತ್ತಿಲ್ಲ.

ಒಂದು ಸೀಟಿನ ಚೌಕಟ್ಟಿಗೆ ಎಪ್ಪತ್ತೆರಡು ತೂತು. ಬೆತ್ತದ ಪಟ್ಟಿ ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಸಲ ಹಾದುಹೋಗಬೇಕು. ಆಗ ನಡುವೆ ಎಂಟು ಮೂಲೆಯ ಸಣ್ಣ ಕಿಂಡಿಗಳು ಮೂಡುತ್ತವೆ. ಒಂದು ತೂತು ತಪ್ಪಿದರೆ ಇಡೀ ಸೀಟು ಸೊಟ್ಟ. ಬೆಳಿಗ್ಗೆ ಕೂತರೆ ಸಂಜೆಗೆ ಒಂದು ಸೀಟು ಮುಗಿಯುತ್ತದೆ. ಮುಗಿದ ಮೇಲೆ ಅದರಲ್ಲಿ ಮೊದಲು ಕೂರುವವರು ಖದೀರ್ ಅವರೇ. ತಾವು ಕೂತು ಏಳದೆ ಒಂದು ಕುರ್ಚಿಯನ್ನೂ ಅವರು ಜಗಲಿ ಇಳಿಸಿಲ್ಲ.

ಇವರ ಉಡುಪನ್ನು ಕಂಡವರಿಗೆ ಎರಡನೇ ಆಘಾತ ಕಾದಿರುತ್ತದೆ. ಬಿಳಿ ಅರ್ಧ ತೋಳಿನ ಅಂಗಿ, ನೇರ ಅಂಚು, ಎರಡು ಜೇಬು. ಬೂದು ಬಣ್ಣದ ಪ್ಯಾಂಟು. ಮನೆಯ ಬೀರು ತೆಗೆದರೆ ಅಂಥವೇ ಏಳು ಜೊತೆ. ಹೆಂಡತಿ ಬದ್ರುನ್ನೀಸಾ ಮದುವೆಯಾದ ವರ್ಷ ಹೊಲಿದ ಅಂಗಿಯ ಅಳತೆಯಲ್ಲೇ ಇವತ್ತಿಗೂ ಹೊಲಿಯುತ್ತಾರೆ. ಹಬ್ಬಕ್ಕೂ ಅದೇ, ಮದುವೆಗೂ ಅದೇ. "ಯಾವ್ ಪ್ಯಾಂಟಿಗೆ ಯಾವ್ ಸರ್ಟು ಅಂತ ಯಾರ್ನೂ ಕೇಳಂಗಿಲ್ಲ ನೋಡಿ. ಶುರೂಲಿ ಕಣ್ಣಿಲ್ದೆ ಇದ್ದಿದ್ದಕ್ಕೆ ಇಂಗ್ ಮಾಡ್ದೆ. ಆಮ್ಯಾಕೆ ಚೆಂದಕ್ಕೇ ಇಂಗೆ ಇದ್ದುಬುಟ್ಟೆ" ಎನ್ನುತ್ತಾರೆ. ಅವರ ಹಳೆಯ ಮದುವೆ ಫೋಟೋ ಮತ್ತು ಹೋದ ತಿಂಗಳು ಮಗಳು ಮೊಬೈಲಿನಲ್ಲಿ ತೆಗೆದ ಫೋಟೋ ಪಕ್ಕಪಕ್ಕ ಇಟ್ಟರೆ ಬದಲಾಗಿರುವುದು ಕೂದಲು ಮಾತ್ರ. ನಡುವೆ ಬೆಲ್‌ಬಾಟಮ್ಮಿನಿಂದ ಹರಿದ ಜೀನ್ಸಿನವರೆಗೆ ಏನೇನೋ ಬಂದು ಹೋಗಿವೆ, ಇವರಿಗೆ ಅದರ ಸುದ್ದಿಯೇ ತಗುಲಿಲ್ಲ.

ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿ ತೀರ್ಪು ಕೊಡುವ ಚಾಳಿಯೂ ಉಂಟು. ನೆಂಟರ ಮದುವೆಯೊಂದರಲ್ಲಿ ಕಲ್ಲು, ಮುತ್ತು, ಜರಿ ಮೆತ್ತಿದ ಮದುಮಗನ ಕೋಟನ್ನು ಸವರಿ, "ಇದ್ರೊಳಗೆ ಹುಡುಗ ಎಲ್ಲವ್ನೆ?" ಎಂದು ಕೇಳಿ ಇಡೀ ಚಪ್ಪರವನ್ನು ನಗಿಸಿದ್ದರು. ಕೈಯ ತುದಿಗೆ ಸಿಂಹದ ತಲೆ ಕೆತ್ತಿದ ದೊಡ್ಡ ಕುರ್ಚಿಯೊಂದು ರಿಪೇರಿಗೆ ಬಂದಾಗ, "ಈ ಸಿಂಹ ಇಟ್ಕಂಡು ಕುಂತೋನು ಏನ್ ಮಾಡ್ಬೇಕು, ಮೇವು ಆಕ್ಬೇಕಾ?" ಎಂದಿದ್ದರು.

ಅವರು ಸೋತು ಹೋದದ್ದು ಊರಿನ ಹಳೆಯ ವಾಚನಾಲಯದ ಇಪ್ಪತ್ನಾಲ್ಕು ಕುರ್ಚಿಗಳಿಗೆ. ಅರವತ್ತರ ದಶಕದಲ್ಲಿ ಯಾರೋ ಇಂಜಿನಿಯರು ಕಾಗದದ ಮೇಲೆ ಗೀಚಿ ಕೊಟ್ಟ ನಕ್ಷೆ ಹಿಡಿದು ಕೆಂಪಯ್ಯ ಎಂಬ ಬಡಗಿ ತೇಗದಲ್ಲಿ ಮಾಡಿದವು. ಇಂಜಿನಿಯರ ಹೆಸರು ಈಗ ಯಾರಿಗೂ ನೆನಪಿಲ್ಲ. ಕುರ್ಚಿಗೆ ಕೆತ್ತನೆಯಿಲ್ಲ, ಹೂವಿಲ್ಲ, ಒಂದು ಮೊಳೆಯೂ ಇಲ್ಲ. ತೆರೆದಿಟ್ಟ ಕೈವಾರದಂತೆ ಓರೆಯಾಗಿ ನಿಂತ ಕಾಲುಗಳು, ಟೀ ಲೋಟ ಇಡುವಷ್ಟು ಅಗಲದ ಕೈಗಳು, ಬೆನ್ನಿಗೆ ಬಾಗಿದ ಎರಡು ಹಲಗೆ, ಕೂರಲು ಬೆತ್ತ. ಸೀಟಿನ ಅಡಿಯಲ್ಲಿ ಉಳಿಯಿಂದ ಕೊರೆದ ನಂಬರು. ವರ್ಷಕ್ಕೆ ನಾಲ್ಕರಂತೆ ಸರದಿಯಲ್ಲಿ ಖದೀರ್ ಅವುಗಳಿಗೆ ಹೊಸ ಬೆತ್ತ ಹಾಕುತ್ತಿದ್ದರು. "ಒಂದು ಗೆರೆ ಜಾಸ್ತಿ ಇಲ್ಲ, ಒಂದು ಗೆರೆ ಕಮ್ಮಿ ಇಲ್ಲ. ಬಡಗಿ ಕೈ ಎಲ್ಲಿ ನಿಂತೈತೆ ಅಂತ ನಂಗೆ ಗೊತ್ತಾಯ್ತದೆ. ಅಲ್ಲೇ ನಿಲ್ಲಬೇಕಾಗಿತ್ತು ಕಣ್ರೀ, ಅಲ್ಲೇ ನಿಂತವ್ನೆ."

ಮೂರು ವರ್ಷದಿಂದ ವಾಚನಾಲಯದವರು ಕರೆದಿರಲಿಲ್ಲ. ಕಳೆದ ಆಗಸ್ಟಿನಲ್ಲಿ, ಈ ಸಲವಾದರೂ ನಾಲ್ಕು ಕುರ್ಚಿ ಕೊಡಿ ಎಂದು ಕೇಳಲು ಖದೀರ್ ತಾವೇ ಮಗಳೊಡನೆ ಹೋದರು. ಬಾಗಿಲು ದಾಟಿ, ಎಂದಿನಂತೆ ಬಲಗಡೆಯ ಮೊದಲ ಕುರ್ಚಿಗೆ ಕೈಚಾಚಿದರು. ಕೈಗೆ ಸಿಕ್ಕಿದ್ದು ಪ್ಲಾಸ್ಟಿಕ್ಕು. ಪಕ್ಕದ್ದು ಮುಟ್ಟಿದರು, ಪ್ಲಾಸ್ಟಿಕ್ಕು. ಗೋಡೆಗುಂಟ ಕೈಯಾಡಿಸುತ್ತ ಇಪ್ಪತ್ನಾಲ್ಕನ್ನೂ ಮುಟ್ಟಿ ಮುಗಿಸಿದರು. ಮನೆಗೆ ಬಂದರೆ ಮನೆಯಲ್ಲಿ ಬೇರೆ ಯಾರೋ ಸಂಸಾರ ಮಾಡುತ್ತಿದ್ದರೆ ಹೇಗಾಗುತ್ತದೋ ಹಾಗಾಯಿತಂತೆ.

ವಾಚನಾಲಯದ ಕಾರ್ಯದರ್ಶಿ ಯತೀಶ್ ಕೆಟ್ಟವರಲ್ಲ. ಸಮಾಧಾನವಾಗಿಯೇ ಹೇಳಿದರು: "ಬೆತ್ತ ಎಲ್ಲಾ ಕಿತ್ತೋಗಿತ್ತಲ್ಲ ಖದೀರಣ್ಣ. ಮುರಿದೋದ ಕುರ್ಚಿ ಅಂತ ನೆನ್ನೆ ಸೌದೆ ಡಿಪೋಗೆ ಕಳಿಸಿಬುಟ್ವಿ."

"ಬೆತ್ತ ಕಿತ್ತೋದ್ರೆ ಕುರ್ಚಿ ಮುರಿದಂಗಾ? ಅಂಗಿ ಹರಿದ್ರೆ ಮನುಸ ಸತ್ತಂಗಾ ಸ್ವಾಮಿ?"

ಜೀವಮಾನದಲ್ಲಿ ದನಿಯೆತ್ತಿ ಮಾತಾಡದ ಮನುಷ್ಯ ಅಂದು ಕೂಗಿದರು. ಪತ್ರಿಕೆ ಓದುತ್ತಿದ್ದವರೆಲ್ಲ ತಲೆಯೆತ್ತಿ ದಂಗಾಗಿ ನೋಡಿದರು ಎಂದು ಮೆಹನಾಜ್ ನೆನೆಯುತ್ತಾರೆ. ಸೌದೆ ಡಿಪೋದಲ್ಲಿ ವಿಚಾರಿಸಿದರೆ, ಪಿರಿಯಾಪಟ್ಟಣದ ಕಡೆಯ ಮಂಟಯ್ಯ ಎಂಬ ರೈತರು ಅಷ್ಟನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಎಂಬ ಕಟ್ಟಡದ ಒಲೆಗೆ! ಅಪ್ಪ ಮಗಳು ಸಿಕ್ಕ ಆಟೋ ಹತ್ತಿದರು.

ಊರು ಇನ್ನೂ ಅರ್ಧ ಕಿಲೋಮೀಟರು ಇರುವಾಗಲೇ ಖದೀರ್ ಆಟೋ ಡ್ರೈವರನ ಭುಜ ಅದುಮಿದರು. ಗಾಳಿಯಲ್ಲಿ ಹೊಗೆಯಿತ್ತು. ಆ ಸೀಮೆಯಲ್ಲಿ ಆಗಸ್ಟಿನಲ್ಲಿ ಹೊಗೆ ಇಲ್ಲದ ಊರೇ ಇಲ್ಲ, ಅದರಲ್ಲೇನು ವಿಶೇಷ? ಆದರೆ ಇದು ನೀಲಗಿರಿ ಸೌದೆಯ ಹೊಗೆಯಲ್ಲ.

"ತೇಗ ಉರೀತಾ ಐತೆ" ಎಂದರು.

ಬಿಳಿ ಅಂಗಿ ತೊಟ್ಟು ಆಟೋದಿಂದ ಇಳಿದವರನ್ನು ಕಂಡು ಮಂಟಯ್ಯ ಹೆದರಿದರು. ತೇಗ ಸುಟ್ಟಿದ್ದಕ್ಕೆ ಫಾರೆಸ್ಟಿನವರೇ ಬಂದರೆಂದುಕೊಂಡರು. ಬಂದವರು ಕಣ್ಣು ಕಾಣದವರೆಂದೂ ಕುರ್ಚಿಗಳನ್ನು ಉಳಿಸಿಕೊಡಿ ಎಂದು ಕೇಳುತ್ತಿದ್ದಾರೆಂದೂ ತಿಳಿದಾಗ ಅವರಿಗೆ ಇನ್ನೂ ಗಾಬರಿಯಾಯಿತು.

"ಒಲೆ ಅಚ್ಚಿ ಮೂರು ದಿನ ಆಯ್ತು ಸಾಬ್ರೇ. ಇನ್ನೂ ಎರಡು ದಿನ ಉರೀಬೇಕು. ಈಗ ಬೆಂಕಿ ಕಮ್ಮಿ ಮಾಡುದ್ರೆ ಒಳಗಿರೋ ಸೊಪ್ಪೆಲ್ಲ ಕರಿಕಾಗೋಯ್ತದೆ. ಮನೇಲಿ ಬೇರೆ ಸೌದೆ ಇಲ್ಲ. ನಿಮ್ ಕುರ್ಚಿ ನೋಡ್ಲಾ, ನಮ್ ವರ್ಸದ್ ಬಾಳಾಟ ನೋಡ್ಲಾ?"

ಅವರ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಖದೀರ್ ಒಲೆಯತ್ತ ನಡೆದರು. ಒಲೆಯ ಮುಂದೆ ರಾಶಿ ಬಿದ್ದ ಕುರ್ಚಿಗಳನ್ನು ಒಂದೊಂದಾಗಿ ಮಗುಚಿ, ಅಡಿಯ ನಂಬರು ಸವರುತ್ತ ಹೋದರು. ಹದಿನಾರು ಸಿಕ್ಕವು. ಎಂಟು ಇರಲಿಲ್ಲ. ಅವರು ಬೂದಿಯ ಪಕ್ಕದಲ್ಲೇ ಕುಕ್ಕರಿಸಿ ಅತ್ತರು. ಅಪ್ಪ ಅತ್ತದ್ದನ್ನು ಮೆಹನಾಜ್ ಅದೇ ಮೊದಲು ಕಂಡದ್ದು.

ಆಗ ಬ್ಯಾರನ್ನಿನ ಮರೆಯಿಂದ ಒಂದು ದನಿ ಬಂತು. "ಎಂಟಲ್ಲ ಕಣಪ್ಪ, ಏಳು. ಒಂದು ನನ್ ತಾವ ಐತೆ."

ಮಂಟಯ್ಯನವರ ತಾಯಿ ಮಲ್ಲಾಜಮ್ಮ ಬಿಸಿ ಗೋಡೆಯ ಪಕ್ಕ ಕಾಲು ಚಾಚಿ ಕೂತಿದ್ದರು. ಸೌದೆ ಇಳಿಸುವಾಗ ಒಂದು ಕುರ್ಚಿಯನ್ನು ಪಕ್ಕಕ್ಕೆಳೆದು, ಗೊಬ್ಬರದ ಚೀಲದ ದಾರವನ್ನು ಚೌಕಟ್ಟಿಗೆ ಅಡ್ಡಾದಿಡ್ಡಿ ಬಿಗಿದು, ಅದರಲ್ಲಿ ಕೂತವರು ನೆನ್ನೆಯಿಂದ ಎದ್ದದ್ದೇ ಕಡಿಮೆ. ಆ ಇಪ್ಪತ್ನಾಲ್ಕರ ಬೆಲೆ ಅಕ್ಷರಸ್ಥರ ವಾಚನಾಲಯಕ್ಕೆ ಅರವತ್ತು ವರ್ಷದಲ್ಲಿ ತಿಳಿಯಲಿಲ್ಲ, ಈ ಅಜ್ಜಿಗೆ ಒಂದೇ ದಿನದಲ್ಲಿ ತಿಳಿದಿತ್ತು!

"ಅದ್ಯಾವ ಪುಣ್ಯಾತ್ಮ ಮಾಡಿದ್ನೋ ಕಾಣೆ. ಇದ್ರಲ್ ಕುಂತಾಗಿಂದ ಸೊಂಟ ಐತೋ ಇಲ್ವೋ ಅನ್ನದೇ ನೆಪ್ಪಿಲ್ಲ" ಎಂದ ಅವರು ಮಗನ ಕಡೆ ತಿರುಗಿದರು. "ಲೇ ಮಂಟಯ್ಯ, ಬಚ್ಚಲ ಹಿಂದೆ ನೀರೊಲೆ ಸೌದೆ ಬಿದ್ದೈತೆ, ತೆಂಗಿನ ಮಟ್ಟೆ ರಾಶಿ ಐತೆ. ತಂದ್ ಒಲೆಗಾಕು."

"ಅದ್ನ ಸುಟ್ರೆ ನೀರ್ ಕಾಯ್ಸದು ಎಂಗವ್ವ? ಮಳೆಗಾಲ ಪೂರ್ತಿ?"

"ತಣ್ಣೀರ್ ಉಯ್ಕಂಡ್ರೆ ಯಾರೂ ಸಾಯಾಕಿಲ್ಲ ಬುಡು."

ಮಂಟಯ್ಯ ಬಚ್ಚಲ ಹಿಂದಕ್ಕೆ ನಡೆದರು. ಆ ಸೌದೆಯಲ್ಲಿ ಒಲೆ ಉರಿಯಿತು, ಸೊಪ್ಪು ಉಳಿಯಿತು. ಹದಿನಾರು ಕುರ್ಚಿಗಳು ಅದೇ ಟ್ರ್ಯಾಕ್ಟರಿನಲ್ಲಿ ಹುಣಸೂರಿಗೆ ವಾಪಸಾದವು. ಹದಿನೇಳನೆಯದನ್ನು ಮಾತ್ರ ಮಲ್ಲಾಜಮ್ಮ ಬಿಡಲಿಲ್ಲ, ಕೇಳುವ ಧೈರ್ಯ ಖದೀರ್ ಅವರಿಗೂ ಬರಲಿಲ್ಲ.

ಕುರ್ಚಿ ಬಂದರೂ ಅವುಗಳಿಗೆ ಜಾಗವಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದಾಗಿದೆ, ಇನ್ನೇನು ಮಾಡುವುದು ಎಂದು ಯತೀಶ್ ಕೈಚೆಲ್ಲಿದರು. ಖದೀರ್ ವಾದಿಸಲು ಹೋಗಲಿಲ್ಲ. ಒಂದಕ್ಕೆ ಬೆತ್ತ ಹಾಕಿ, ತಾವು ಒಮ್ಮೆ ಕೂತು ನೋಡಿ, ವಾಚನಾಲಯದ ಕಿಟಕಿಯ ಬಳಿ ಇಟ್ಟು ಬಂದರು. ಮಾರನೆಯ ದಿನ ನಿವೃತ್ತ ಮೇಷ್ಟ್ರು ಚಿಕ್ಕಮಾದಯ್ಯನವರು ಅದರಲ್ಲಿ ಕೂತವರು ಮೂರು ಪತ್ರಿಕೆಗಳನ್ನು ಜಾಹೀರಾತು ಸಮೇತ ಓದಿದರೂ ಏಳಲಿಲ್ಲ. ಅದರ ಮಾರನೆಯ ದಿನ ಆ ಕುರ್ಚಿಗಾಗಿ ಏಳು ಗಂಟೆಗೇ ಮೂವರು ಬಾಗಿಲಲ್ಲಿ ನಿಂತಿದ್ದರು. ಸುತ್ತ ಇಪ್ಪತ್ನಾಲ್ಕು ಪ್ಲಾಸ್ಟಿಕ್ ಕುರ್ಚಿ ಖಾಲಿ! ಎರಡನೆಯದು ಬಂತು, ಐದನೆಯದು ಬಂತು. ಈಗ ಹನ್ನೊಂದು ಅಲ್ಲಿವೆ, ಐದು ಜಗಲಿಯಲ್ಲಿ ಸರದಿ ಕಾಯುತ್ತಿವೆ. ಪ್ಲಾಸ್ಟಿಕ್ಕಿನವು ಒಂದರ ಮೇಲೊಂದು ಪೇರಿಸಿಕೊಂಡು ಹಿಂದಿನ ಕೋಣೆ ಸೇರಿವೆ.

"ನಾನೂ ಅದ್ರಲ್ಲಿ ಹತ್ತು ವರ್ಷ ಕುಂತಿದ್ದೆ. ಒಂದಿನಾನೂ ಅದ್ರ ಕಡೆ ನೋಡ್ಲಿಲ್ವಲ್ಲ ಅಂತ ನೆನೆಸಿಕೊಂಡ್ರೆ ಈಗ್ಲೂ ಎದೆ ಝಲ್ ಅಂತದೆ" ಎನ್ನುತ್ತಾರೆ ಯತೀಶ್.

ಖದೀರ್ ಅದನ್ನು ತಪ್ಪೆಂದು ಎಣಿಸುವುದಿಲ್ಲ. "ನೋಡ್ಲಿಲ್ಲ ಅಂದ್ರೆ ಕುರ್ಚಿ ಚೆಂದಾಗಿತ್ತು ಅಂತ. ಕುಂತೋರಿಗೆ ಕುರ್ಚಿ ನೆಪ್ಪಾಗಬಾರ್ದು. ಅಂಗಿನೂ ಅಷ್ಟೇ, ತೊಟ್ಟೋರಿಗೆ ಅದು ಮರ್ತೋಗ್ಬೇಕು."

ಇವತ್ತು, ನವೆಂಬರಿನ ಈ ಬೆಳಗಿನಲ್ಲಿ, ಮೊದಲ ಬಸ್ಸು ಅವರನ್ನು ಪಿರಿಯಾಪಟ್ಟಣದಲ್ಲಿ ಇಳಿಸುತ್ತದೆ. ಎಂಟೂವರೆಗೆಲ್ಲ ಮಂಟಯ್ಯನವರ ಅಂಗಳದಲ್ಲಿ ಗೊಬ್ಬರದ ಚೀಲದ ದಾರ ಬಿಚ್ಚಿ ಕೆಲಸಕ್ಕೆ ಕೂರುತ್ತಾರೆ. ನೆಲದ ಮೇಲೆ ಕೂರಬೇಕಾದ ಮಲ್ಲಾಜಮ್ಮನಿಗೆ ಸಿಟ್ಟು. ಗಳಿಗೆಗೊಮ್ಮೆ "ಆಯ್ತಾ ಸಾಬ್ರೇ?" ಎಂದು ಪೀಡಿಸುತ್ತಾರೆ. ಸಂಜೆ ನಾಲ್ಕಕ್ಕೆ ಕೊನೆಯ ಪಟ್ಟಿ ಬಿಗಿಯುತ್ತದೆ. ಈ ವರ್ಷದ ಕೊನೆಯ ಸೊಪ್ಪು ಬೇಯುತ್ತಿರುವ ಬ್ಯಾರನ್ನಿನ ಬಿಸಿ ಗೋಡೆಗೆ ಕುರ್ಚಿಯನ್ನು ಒಂದು ಗಂಟೆ ಒರಗಿಸುತ್ತಾರೆ. ಏಳು ಕುರ್ಚಿಗಳನ್ನು ನುಂಗಿದ ಬೆಂಕಿಯೇ ಎಂಟನೆಯದರ ಬೆತ್ತ ಒಣಗಿಸಿ ಕೊಡುತ್ತದೆ.

ಇನ್ನು ನೇಯ್ದವರು ಕೂತು ನೋಡಬೇಕು. ಮೂವತ್ತೆಂಟು ವರ್ಷದ ನೇಮ. ಖದೀರ್ ಕುರ್ಚಿಯನ್ನು ಅಂಗಳದ ನಡುವೆ ಇಟ್ಟು, ಅದರ ಕೈಗಳನ್ನೊಮ್ಮೆ ಸವರಿ, ಹಿಂದೆ ಸರಿದು ನಿಲ್ಲುತ್ತಾರೆ.

"ನೀವೇ ಮೊದ್ಲು ಕುಂತ್ಕಳಿ ಅವ್ವ."

ಮಲ್ಲಾಜಮ್ಮ ಕೂರುತ್ತಾರೆ. ಬೆತ್ತ ಒಮ್ಮೆ ಕಿರ್ ಎಂದು ಸುಮ್ಮನಾಗುತ್ತದೆ. ಕುರ್ಚಿಯ ಕೈಯ ಮೇಲೆ ಟೀ ಲೋಟ ಇಟ್ಟುಕೊಂಡು ಅವರು ಮಾತು ಶುರು ಮಾಡುತ್ತಾರೆ. ಮೊಟ್ಟೆಗೆ ಕೂತ ಕೋಳಿ, ಕದ್ದ ಬೆಕ್ಕು, ಸೊಸೆ ಸಾರಿಗೆ ಹಾಕಿದ ಉಪ್ಪು, ಪಕ್ಕದ ಮನೆಯ ಚೆಲುವಮ್ಮನ ಹೊಸ ಹಲ್ಲು. ಖದೀರ್ ಕಿವಿಯಾನಿಸಿ ಕಾಯುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಬಸ್ಸಿಗೆ ಹೊತ್ತಾಯಿತೆಂದು ಮೆಹನಾಜ್ ತೋಳು ಹಿಡಿದಾಗ ಅವರಿಗೆ ತಡೆಯಲಾಗುವುದಿಲ್ಲ.

"ಎಂಗೈತವ್ವ, ಕುರ್ಚಿ?"

ಚೆಲುವಮ್ಮನ ಹಲ್ಲಿನ ಕತೆಯ ನಡುವೆ ಕಡಿದುಹೋದ ಮಾತಿಗೆ ಮಲ್ಲಾಜಮ್ಮ ಕಕ್ಕಾಬಿಕ್ಕಿಯಾಗಿ ಅವರತ್ತ ನೋಡುತ್ತಾರೆ.

"ಯಾವ್ ಕುರ್ಚಿ?"