ಬೈಗುಳ ಮುಗಿದ ಮೇಲೆ ಏರುವ ಏಣಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರಂತಸ್ತಿನ ಕಟ್ಟಡದ ತಾರಸಿಯಲ್ಲಿ ಗೋಡೆಗೆ ಆನಿಸಿದ ಏಣಿಯ ತುದಿಗೆ ಹೆಂಗಸೊಬ್ಬರು ನಿಂತಿದ್ದಾರೆ. ಒಂದು ಕೈ ಕಬ್ಬಿಣದ ಕಂಬವನ್ನು ಹಿಡಿದಿದೆ, ಇನ್ನೊಂದು ಕೈ ತಟ್ಟೆಯಗಲದ ಬಿಳಿ ರಿಸೀವರನ್ನು ಒರೆಸುತ್ತಿದೆ. ದೂರದ ಟವರಿನಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ಹಿಡಿದು ಕೆಳಗಿನ ಮನೆಗೆ ಇಳಿಸುವುದು ಆ ತಟ್ಟೆಯ ಕೆಲಸ. ಅದು ಕೆಲಸ ಮಾಡದಿದ್ದಾಗ ಬೈಸಿಕೊಳ್ಳುವುದು ಈ ಹೆಂಗಸಿನ ಕೆಲಸ. ಕೊರಳಿಗೆ ಕಂಪನಿಯ ಕಾರ್ಡು, ಸೊಂಟಕ್ಕೆ ಬೆಲ್ಟು, ತುಟಿಗಳ ನಡುವೆ ಎರಡು ಸ್ಕ್ರೂ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು ಕೆಳಗಿನಿಂದ ಏನೋ ಕೇಳುತ್ತೇನೆ. ಸ್ಕ್ರೂ ಬಾಯಲ್ಲಿರುವಾಗ ಮಾತಿಲ್ಲ ಎಂದು ಅವರು ಹುಬ್ಬಿನಲ್ಲೇ ತಿಳಿಸುತ್ತಾರೆ.

ಈ ಬೀದಿಗಳಲ್ಲಿ ಎಲ್ಲರಿಗೂ ಇವರು ‘ಏಣಿ ಅಕ್ಕ’. ಹೆಗಲ ಮೇಲೆ ಏಣಿ ಇಲ್ಲದೆ ಇವರನ್ನು ನೋಡಿದವರು ಕಡಿಮೆ. ಸೊಸೆ ನೆಲದ ಮೇಲಿರುವುದಕ್ಕಿಂತ ಊರವರ ತಾರಸಿಯ ಮೇಲಿರುವುದೇ ಹೆಚ್ಚು ಎಂದು ಅತ್ತೆ ಆಡಿಕೊಳ್ಳುತ್ತಾರಂತೆ. ಆದರೆ ಅಕ್ಕ ಬರುವ ತನಕ ಆ ಅತ್ತೆ ರಾತ್ರಿ ಊಟಕ್ಕೆ ಕೂರುವುದಿಲ್ಲ.

ಮೊದಲು ಗಂಡ ಹೆಂಡತಿ ಇಬ್ಬರೂ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ನಿಂತಿದ್ದ ಸಾರುವೆ ಕುಸಿದು ಗಂಡ ಸೊಂಟ ಮುರಿದುಕೊಂಡರು. ಈಗ ಅಡುಗೆ, ಮನೆ ಅವರ ಪಾಲಿಗೆ. ಅಕ್ಕ ಇಂಟರ್ನೆಟ್ ಕಂಪನಿಯೊಂದಕ್ಕೆ ಏಣಿ ಹೊರುವ ಆಳಾಗಿ ಸೇರಿದರು. ವರ್ಷಗಟ್ಟಲೆ ಕೆಳಗೆ ನಿಂತು ಏಣಿ ಹಿಡಿದು, ಮೇಲೆ ನಡೆಯುವುದನ್ನು ನೋಡಿ ನೋಡಿ ಕೆಲಸ ಕಲಿತರು. ಗಂಡ ಬಿದ್ದ ಎತ್ತರಕ್ಕೇ ಹೆಂಡತಿ ದಿನಾ ಹತ್ತುವುದೆಂದರೆ ಮನೆಯಲ್ಲಿ ಸುಲಭವಾಗಿ ಒಪ್ಪಿದ ಮಾತಲ್ಲ. ಈಗಲೂ ಒಂದೊಂದು ಮನೆಯ ಕೆಲಸ ಮುಗಿದಾಗಲೂ ಗಂಡನಿಗೆ ‘ಇಳಿದೆ’ ಎಂದು ಒಂದೇ ಪದದ ಮೆಸೇಜು ಹೋಗುತ್ತದೆ. ದಿನಕ್ಕೆ ಎಂಟೊಂಬತ್ತು ಮನೆ, ಎಂಟೊಂಬತ್ತು ‘ಇಳಿದೆ’.

ಇನ್ನು ನಮ್ಮಂಥ ಗಿರಾಕಿಗಳ ವಿಷಯ. ನೆಟ್ ಕೈಕೊಟ್ಟರೆ ನಾವು ಮನುಷ್ಯರಾಗಿ ಉಳಿಯುವುದಿಲ್ಲ. ಪರದೆಯ ಮೇಲೆ ಗಿರಗಿರ ತಿರುಗುವ ಉಂಗುರವನ್ನು ನೋಡುತ್ತಾ ಹಲ್ಲು ಕಡಿಯುತ್ತೇವೆ. ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಹಾಡು ಕೇಳಿ. ಆ ಹಾಡು ಕೇಳಿ ಕುದಿದು ಕೂತವರ ಬಾಗಿಲು ತಟ್ಟಬೇಕಾದವರು ಏಣಿ ಅಕ್ಕ. ಮಾತು ಕೇಳಿಸುವಷ್ಟಾದರೂ ನೆಟ್ ಕೊಡಿ ಎನ್ನುವವರಿದ್ದಾರೆ, ನೀವು ಕೊಡುವ ವೇಗಕ್ಕಿಂತ ನಾನೇ ನಡೆದು ಹೋಗಿ ವಿಷಯ ತಿಳಿಸಿ ಬರುತ್ತೇನೆ ಎನ್ನುವವರಿದ್ದಾರೆ. ಎಲ್ಲದಕ್ಕೂ ಅಕ್ಕ ತಲೆ ಆಡಿಸುತ್ತಾರೆ.

“ಬೈಯೋದು ಮೊದಲು ಮುಗೀಬೇಕು. ಅರ್ಧಕ್ಕೆ ತಡೆದ್ರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ” ಎನ್ನುತ್ತಾರೆ. “ಪೂರ್ತಿ ಮುಗಿದ ಮೇಲೆ ಒಂದೇ ಒಂದು ಕೇಳ್ತೀನಿ. ಯಾವ ಹೊತ್ತಲ್ಲಿ ಕೈಕೊಡುತ್ತೆ?”

ಇವತ್ತು ಬೆಳಿಗ್ಗೆ ನಾವು ಬಂದಿರುವ ಮನೆಯಲ್ಲಿ ಬೈಗುಳವಿಲ್ಲ. ಇದೇ ಮೂರಂತಸ್ತಿನ ಕಟ್ಟಡದ ಕೆಳಗೆ ಲಾಂಡ್ರಿ, ಅದರ ಹಿಂದೆ ಎರಡು ಕೋಣೆಯ ಮನೆ. ಲಾಂಡ್ರಿಯ ಯಜಮಾನರಿಗೂ ಅವರ ಹೆಂಡತಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಇಬ್ಬರ ಮಾತೂ ಕೈಯಲ್ಲಿ. ಒಬ್ಬಳೇ ಮಗಳಿಗೆ ಕಿವಿ ಕೇಳಿಸುತ್ತದೆ, ಆದರೂ ಅವಳು ಮೊದಲು ಕಲಿತಿದ್ದು ಕೈಮಾತು. ಮದುವೆಯಾಗಿ ದೂರದ ಊರಿನಲ್ಲಿರುವ ಆಕೆಗೆ ನಾಳೆ ಬೆಳಿಗ್ಗೆ ಹೆರಿಗೆಯ ಆಪರೇಷನ್. ತಾಯಿಗೆ ಟಿಕೆಟ್ ಸಿಕ್ಕಿರುವುದು ನಾಡಿದ್ದಿಗೆ. ಆಸ್ಪತ್ರೆಯಲ್ಲಿ ಫೋನಿಗೆ ಬಿಡುವುದು ಸಂಜೆ ಮಾತ್ರ. ಇವತ್ತು ಸಂಜೆ ವಿಡಿಯೊ ಕಾಲ್‌ನಲ್ಲಿ ಮಾತಾಡಿದರೆ ಆಯಿತು, ಇಲ್ಲದಿದ್ದರೆ ಆಪರೇಷನ್ನಿಗೆ ಮುಂಚೆ ತಾಯಿ ಮಗಳಿಗೆ ಮಾತಿಲ್ಲ. ವಾರದಿಂದ ಸಂಜೆಯಾದರೆ ಚಿತ್ರ ನಿಂತುಬಿಡುತ್ತಿದೆ. ಕಿವಿಯಿರುವವರಿಗೆ ಚಿತ್ರ ನಿಂತರೂ ದನಿ ಬರುತ್ತದೆ. ಈ ಮನೆಯಲ್ಲಿ ಚಿತ್ರ ನಿಂತರೆ ಮಾತೇ ನಿಂತಂತೆ.

ಮೆಸೇಜು ಹಾಕಬಹುದಲ್ಲ ಎಂದು ನಾನು ದಡ್ಡನಂತೆ ಮೊಬೈಲಿನಲ್ಲಿ ಬರೆದು ತೋರಿಸುತ್ತೇನೆ. ಆ ತಾಯಿ ನನ್ನನ್ನು ಒಮ್ಮೆ ನೋಡಿ ಬರೆದು ಕೊಡುತ್ತಾರೆ: “ನಿಮ್ಮ ಮಗಳು ಹೆದರಿದ್ದರೆ ಕಾಗದ ಬರೆಯುತ್ತೀರಾ? ನಿನ್ನೆ ಅವಳ ಮುಖ ಅರ್ಧಕ್ಕೆ ನಿಂತುಹೋಯಿತು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.” ನಾನು ಮೊಬೈಲನ್ನು ಜೇಬಿಗೆ ಇಳಿಸುತ್ತೇನೆ.

ತಾರಸಿಯಲ್ಲಿ ಎಲ್ಲ ಸರಿಯಾಗಿದೆ. ವೇಗ ಬೇಕಾದಷ್ಟಿದೆ. ಅಕ್ಕ ಕೆಳಗಿಳಿದು, ಪರೀಕ್ಷೆ ಮುಗಿಯಿತೆಂದು ತಮ್ಮ ಮೊಬೈಲಿನಲ್ಲಿ ಒತ್ತುತ್ತಾರೆ. ಹಾಗೆ ಒತ್ತಿದ ಕೂಡಲೇ, ತೊಂದರೆ ಬಗೆಹರಿಯಿತೇ ಎಂದು ಕೇಳಲು ಕಂಪನಿಯಿಂದ ಗಿರಾಕಿಗೆ ತಾನಾಗಿಯೇ ಕರೆ ಬರುವ ಏರ್ಪಾಡಿದೆ. ಇಸ್ತ್ರಿ ಮೇಜಿನ ಮೇಲೆ ಫೋನು ರಿಂಗಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಅದಕ್ಕೆ ಬೆನ್ನು ಹಾಕಿ ಬಟ್ಟೆ ಮಡಿಸುತ್ತಿದ್ದಾರೆ. ರಿಂಗಾಗಿ ನಿಲ್ಲುತ್ತದೆ, ಮತ್ತೆ ರಿಂಗಾಗಿ ನಿಲ್ಲುತ್ತದೆ. ಎರಡು ಸಲವೂ ಎತ್ತದಿದ್ದರೆ ಗಿರಾಕಿಗೆ ತಕರಾರಿಲ್ಲವೆಂದು ದೂರು ಮುಚ್ಚಿಹೋಗುತ್ತದೆ. ಹಿಂದೆ ಬಂದ ಇಬ್ಬರು ಕೆಲಸಗಾರರೂ ಬೆಳಿಗ್ಗೆಯೇ ಬಂದು, ಎಲ್ಲ ಸರಿಯಿದೆ ಎಂದು ಒತ್ತಿ ಹೋದವರು. ಈ ಮನೆಯ ದೂರು ಪ್ರತಿಸಲ ಹೀಗೇ ಸತ್ತಿದೆ.

ಅಕ್ಕನ ಮುಖ ಕೆಂಪಾಗುತ್ತದೆ. ಆಫೀಸಿಗೆ ಫೋನ್ ಮಾಡುತ್ತಾರೆ. ಗಿರಾಕಿ ಫೋನ್ ಎತ್ತಿಲ್ಲವಲ್ಲ ಎಂದು ಅತ್ತ ಕಡೆಯವರು ಹೇಳುತ್ತಿರುವುದು ನನಗೂ ಕೇಳಿಸುತ್ತದೆ. “ಕಿವಿ ಕೇಳಿಸದವರಿಗೆ ಫೋನ್ ಮಾಡಿ, ಎತ್ತಲಿಲ್ಲ ಅಂದ್ರೆ ಏನು ಸ್ವಾಮಿ ಅರ್ಥ?” ಎಂದು ಅಕ್ಕ ಕೇಳುತ್ತಾರೆ. ಕೊನೆಗೆ ಹಟ ಹಿಡಿದು ದೂರನ್ನು ಮತ್ತೆ ತೆರೆಸುತ್ತಾರೆ. ದಿನ ಮುಗಿಯುವಾಗ ದೂರು ತೆರೆದಿದ್ದರೆ ಕೆಲಸಗಾರರ ಹೆಸರಿಗೇ ಕಪ್ಪುಚುಕ್ಕೆ. ಇರಲಿ ಬಿಡಿ ಎಂದು ಏಣಿ ಹೆಗಲಿಗೇರಿಸುತ್ತಾರೆ. ಸಂಜೆ ಕೈಕೊಡುವುದನ್ನು ಸಂಜೆಯೇ ನೋಡಬೇಕು ಎಂಬುದು ಅವರ ಲೆಕ್ಕ.

ಸಂಜೆ ಬೇರೆ ಮನೆಗಳನ್ನು ಮುಗಿಸಿ ಮತ್ತೆ ಅದೇ ತಾರಸಿ ಹತ್ತುತ್ತೇವೆ. ಮೇಲೆ ಕಾಲಿಟ್ಟ ಅಕ್ಕ ಅಲ್ಲೇ ನಿಂತು ನಗುತ್ತಾರೆ. ಬೆಳಿಗ್ಗೆ ಬರೀ ಹಗ್ಗಗಳಿದ್ದ ಜಾಗದಲ್ಲಿ ಈಗ ಸಾಲು ಸಾಲು ಬಿಳಿ ಹಾಸು, ಹೊದಿಕೆ. ಯಾವುದೋ ಲಾಡ್ಜಿನ ಬಟ್ಟೆಗಳು, ವಾರದ ಹಿಂದೆ ಹಿಡಿದ ಹೊಸ ಕೆಲಸವಂತೆ. ಮಧ್ಯಾಹ್ನ ಒಗೆದು, ಸಂಜೆ ಒಣಹಾಕಿ, ಬೆಳಗಾಗುವ ಮುಂಚೆ ಇಸ್ತ್ರಿಗೆ ಇಳಿಸುತ್ತಾರೆ. ನೀರು ಕುಡಿದ ಬಟ್ಟೆಯ ಗೋಡೆ ರಿಸೀವರಿಗೂ ಟವರಿಗೂ ನಡುವೆ ತೂಗುತ್ತಿದೆ. ಗಾಳಿಯಲ್ಲಿ ಬರುವ ಸಿಗ್ನಲ್ಲಿಗೆ ಒದ್ದೆ ಬಟ್ಟೆ ದಾಟುವುದು ಕಷ್ಟ.

ಅಕ್ಕ ಯಜಮಾನರನ್ನು ಕರೆಸಿ ಮೊಬೈಲಿನಲ್ಲಿ ವೇಗ ತೋರಿಸುತ್ತಾರೆ. ಮುಳ್ಳು ಮೇಲೇಳಲು ಒದ್ದಾಡುತ್ತಿದೆ. ಇಬ್ಬರೂ ಸೇರಿ ಎರಡು ಸಾಲನ್ನು ಪಕ್ಕಕ್ಕೆ ಎಳೆಯುತ್ತಾರೆ. ಮುಳ್ಳು ಸರ್ರನೆ ಏರುತ್ತದೆ. ಯಜಮಾನರು ಹಣೆ ಚಚ್ಚಿಕೊಳ್ಳುತ್ತಾರೆ. ಮಗಳ ಬಾಣಂತನದ ಖರ್ಚಿಗೆಂದು ಹಿಡಿದ ಕೆಲಸವೇ ಮಗಳ ಮಾತಿಗೆ ಅಡ್ಡ ನಿಂತಿತ್ತು. ಅವರು ಬಟ್ಟೆಗಳನ್ನೆಲ್ಲ ಬಾಚಿ ಇಳಿಸಲು ಹೋಗುತ್ತಾರೆ. ಅಕ್ಕ ಅವರ ಕೈ ಹಿಡಿದು ನಿಲ್ಲಿಸಿ, ಬಟ್ಟೆ ಇರಲಿ ಎಂದು ಸನ್ನೆ ಮಾಡುತ್ತಾರೆ. ಆಮೇಲೆ ಕೆಳಗೆ ನಿಲ್ಲಿಸಿದ ತಮ್ಮ ಗಾಡಿಯಿಂದ ಪೈಪಿನ ತುಂಡೊಂದನ್ನು ತಂದು ಕಂಬಕ್ಕೆ ಜೋಡಿಸಿ, ರಿಸೀವರನ್ನು ಹಗ್ಗಗಳಿಗಿಂತ ಆಳೆತ್ತರ ಮೇಲಕ್ಕೆ ಏರಿಸುತ್ತಾರೆ. ಕತ್ತಲಾಗುವುದರೊಳಗೆ ಮುಗಿಸುವ ಧಾವಂತದಲ್ಲಿ ಬೆರಳು ತರಚಿ ರಕ್ತ ಬರುತ್ತದೆ. ಸೆರಗಿಗೆ ಒರೆಸಿಕೊಂಡು ಮುಂದುವರಿಯುತ್ತಾರೆ.

ಕೆಳಗೆ ತಾಯಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಕಾದಿದ್ದಾರೆ. ಪರದೆಯಲ್ಲಿ ಮಗಳು ಕಾಣಿಸುತ್ತಾಳೆ. ಆಸ್ಪತ್ರೆಯ ಹಾಸಿಗೆ, ಬಾಚದ ತಲೆ, ಊದಿದ ಮುಖ. ಅವಳ ಕೈಗಳು ಗಡಿಬಿಡಿಯಲ್ಲಿ ಏನೋ ಹೇಳುತ್ತವೆ. ತಾಯಿಯ ಕೈಗಳು ನಿಧಾನವಾಗಿ ಉತ್ತರ ಕೊಡುತ್ತವೆ. ಒಂದು ಸನ್ನೆಯೂ ತುಂಡಾಗುವುದಿಲ್ಲ. ಮಗಳು ಅಳುತ್ತಾಳೆ. ಅಳುತ್ತಿದ್ದಾಳೆಂದು ನಮಗೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ತಾಯಿ ಎರಡೂ ಅಂಗೈಗಳನ್ನು ಪರದೆಯ ಹತ್ತಿರ ಹಿಡಿದು ಮೆಲ್ಲಗೆ ಏನೋ ಹೇಳುತ್ತಾರೆ. ಅದೇನೆಂದು ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ. ಮಗಳ ಉಸಿರು ಹಿಡಿತಕ್ಕೆ ಬರುತ್ತದೆ.

ನಿಮಗೇನಾದರೂ ಆಸೆಯಿದೆಯೇ ಎಂದು ಬಾಗಿಲ ಬಳಿ ಅಕ್ಕನನ್ನು ಪಿಸುದನಿಯಲ್ಲಿ ಕೇಳುತ್ತೇನೆ. ಇಂಥ ಮನೆಗಳಿಗೆ ಫೋನ್ ಮಾಡುವ ಬದಲು ಮೆಸೇಜು ಹಾಕುವ ಹಾಗೆ ಕಂಪನಿ ಒಂದು ನಿಯಮ ಮಾಡಿದರೆ ಸಾಕು ಎನ್ನುತ್ತಾರೆ ಅಕ್ಕ. ಏಣಿ ಎತ್ತಿಕೊಳ್ಳುತ್ತಾರೆ. ಹೊರಟಿದ್ದೇವೆಂದು ಅವರಿಗೆ ತಿಳಿಸಬೇಡವೇ, ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ನಮಸ್ಕಾರವೂ ಬೇಡವೇ ಎಂದು ನಾನು ತಡೆಯುತ್ತೇನೆ.

ಅಕ್ಕ ಒಳಗೆ ನೋಡುತ್ತಾರೆ. ಗಂಡ ಹೆಂಡತಿ ತಲೆಗೆ ತಲೆ ತಾಗಿಸಿ ಪರದೆಯೊಳಗೆ ಮುಳುಗಿದ್ದಾರೆ.

“ಬೇಡ, ಕರೀಬೇಡಿ” ಎನ್ನುತ್ತಾರೆ. “ನೆಟ್ ಸರಿಯಿಲ್ಲದಿದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ. ಈಗ ನೋಡಿ, ಯಾರಿಗೂ ನನ್ನ ನೆನಪಿಲ್ಲ.”